ರಾತ್ರಿ ಎರಡು ಗಂಟೆಗೆ ವಿಭಾಗದಲ್ಲಿ ಇರುವವರು
(ಇಂಗ್ಲೆಂಡಿನಲ್ಲಿ ಕನ್ನಡ ವೈದ್ಯರ ರಾಜ್ಯೋತ್ಸವ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ದಿನ ಪಾಳಿಪಟ್ಟಿ ಅಂದರೆ ರೋಟಾ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಬರೆದುಕೊಡುವ ಜಾಬ್ ಪ್ಲಾನ್ ಅಂತ ಮಾತಾಡಲು ಅವಕಾಶ ಕೊಟ್ಟ ಸಂಘಟಕರಿಗೆ ಮೊದಲು ವಂದನೆ. ಡೊಳ್ಳು ಕುಣಿತ ಈಗಷ್ಟೇ ಮುಗಿದಿದೆ, ಒಳಗಿಂದ ಬಿಸಿಬೇಳೆಬಾತಿನ ವಾಸನೆ ಬರ್ತಾ ಇದೆ. ಹಾಗಾಗಿ ಪೀಠಿಕೆ ಬೇಡ.

ಇಲ್ಲಿ ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡುವವರು ಒಮ್ಮೆ ಕೈ ಎತ್ತಿ. ಸರಿ. ಅವರಲ್ಲಿ ಕನ್ಸಲ್ಟೆಂಟ್, ಅಂದರೆ ಎಲ್ಲರಿಗಿಂತ ಹಿರಿಯ ವೈದ್ಯರ ಹುದ್ದೆಯಲ್ಲಿ ಇರುವವರು ಕೈ ಇಳಿಸಿ. ಕನ್ಸಲ್ಟೆಂಟ್ ಆಗುವ ಟ್ರೈನಿಂಗ್ ಪ್ರೋಗ್ರಾಮಿನಲ್ಲಿ ಇರುವವರೂ ಇಳಿಸಿ. ನೋಡಿ, ಎಷ್ಟು ಕೈಗಳು ಇನ್ನೂ ಮೇಲೇ ಇವೆ! ನನ್ನ ಮಾತೆಲ್ಲ ಈ ಕೈಗಳ ಬಗ್ಗೆ. ಸ್ಪೆಷಾಲಿಟಿ ಡಾಕ್ಟರ್, ಸ್ಪೆಷಲಿಸ್ಟ್, ಹಳಬರಾದ ಅಸೋಸಿಯೇಟ್ ಸ್ಪೆಷಲಿಸ್ಟ್. ಒಟ್ಟಿಗೆ ನಮ್ಮನ್ನು ಸ್ಯಾಸ್ ಅಂತಾರೆ. ಇವರ ಜೊತೆಗೆ, ಆಸ್ಪತ್ರೆ ನಡೆಸುವ ಟ್ರಸ್ಟ್ ತನ್ನದೇ ಷರತ್ತಿನಲ್ಲಿ ನೇಮಿಸುವ ಟ್ರಸ್ಟ್ ಗ್ರೇಡ್, ಕ್ಲಿನಿಕಲ್ ಫೆಲೋ ಅಂತ ಸೇರಿಕೊಂಡ ನಮ್ಮ ಹುಡುಗ ಹುಡುಗಿಯರು.

ಕಳೆದ ತಿಂಗಳು ಸ್ಯಾಸ್ ವಾರ ಇತ್ತು. ಬಹಳ ಕಡೆ ಕೇಕ್ ಕತ್ತರಿಸಿದರು, ಫೋಟೋ ತೆಗೆದರು. ಪ್ರೀತಿಯಿಂದಲೇ ಮಾಡಿದ್ದು, ನನಗೂ ಖುಷಿಯಾಯಿತು. ಆದರೆ ವರ್ಷದ ಉಳಿದ ವಾರಗಳಲ್ಲಿ ಏನಾಗಬೇಕು ಎನ್ನುವ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಅದನ್ನು ಹೇಳಿಬಿಡುತ್ತೇನೆ: ರಾತ್ರಿ ಎರಡು ಗಂಟೆಗೆ ವಿಭಾಗದಲ್ಲಿ ಇರುವವರು, ಮಧ್ಯಾಹ್ನ ಎರಡು ಗಂಟೆಯ ಮೀಟಿಂಗಿನಲ್ಲೂ ಇರಬೇಕು. ಇದನ್ನು ಇವತ್ತು ಇನ್ನೂ ಕೆಲವು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮಗೆ ಗೊತ್ತೇ ಇದೆ. ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ನಡುರಾತ್ರಿ ಕಳೆದ ಮೇಲೆ ಕನ್ಸಲ್ಟೆಂಟ್ ಮನೆಯಿಂದ ಆನ್-ಕಾಲ್. ವಿಭಾಗದಲ್ಲಿ ನಿಂತಿರುವ ಹಿರಿಯರು ಅಂದರೆ ಟ್ರೈನಿಂಗಿನಲ್ಲಿ ಮುಂದಿರುವ ಒಬ್ಬ ರಿಜಿಸ್ಟ್ರಾರ್, ಇಲ್ಲವೇ ನಮ್ಮಲ್ಲೊಬ್ಬರು. ಜೀವಾಪಾಯದಲ್ಲಿ ಇರುವವರ ಕೋಣೆ ರೀಸಸ್‌ನಲ್ಲಿ ಮೂವರು, ಕಾರಿಡಾರಿನಲ್ಲಿ ಟ್ರಾಲಿ ಮೇಲೆ ಸಾಲಾಗಿ ಮಲಗಿದ ಅಜ್ಜ ಅಜ್ಜಿಯರು, ಹೊರಗೆ ಆಂಬುಲೆನ್ಸ್‌ಗಳು. ಎರಡನೇ ವರ್ಷದ ಕಿರಿಯ ಡಾಕ್ಟರ್, ಎಫ್‌ವೈ2, ಓಡಿ ಬಂದು ಕೇಳುವುದು ನಮ್ಮನ್ನು. ನರ್ಸ್ ಇನ್ ಚಾರ್ಜ್ ಹುಡುಕುವುದು ನಮ್ಮನ್ನು. ಆ ಹೊತ್ತಿನಲ್ಲಿ ನಮ್ಮ ಗ್ರೇಡ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಬೆಳಿಗ್ಗೆ, ಫಾರ್ಮ್ ತುಂಬುವಾಗ!

ಫಾರ್ಮ್ ಅಂದ ಕೂಡಲೇ ನೆನಪಾಯಿತು. ಈ ಕಥೆ ಕೆಲವರು ಕೇಳಿರಬಹುದು. ಆದರೂ ಪೂರ್ತಿ ಹೇಳುತ್ತೇನೆ, ನನಗೆ ಇಷ್ಟದ ಕಥೆ.

ನನ್ನ ಜೊತೆ ಧಾರವಾಡದ ಕಡೆಯ ಒಬ್ಬ ವೈದ್ಯೆ ಕೆಲಸ ಮಾಡುತ್ತಿದ್ದರು. ಸ್ಪೆಷಾಲಿಟಿ ಡಾಕ್ಟರ್. ಎರಡು ಪುಟ್ಟ ಮಕ್ಕಳು, ಗಂಡ ಬೇರೆ ಊರಲ್ಲಿ ಕೆಲಸ. ಆಕೆಗೆ ಅಲ್ಟ್ರಾಸೌಂಡ್ ಕೋರ್ಸ್ ಮಾಡಬೇಕಿತ್ತು. ನಮ್ಮ ಒಪ್ಪಂದದಲ್ಲಿ ಮೂರು ವರ್ಷಕ್ಕೆ 30 ದಿನ ಸ್ಟಡಿ ಲೀವ್ ಇದೆ, ಅದು ನಿಮಗೆಲ್ಲ ಗೊತ್ತಿರಬೇಕು. ಗೊತ್ತಿಲ್ಲದವರು ಈಗಲೇ ಬರೆದುಕೊಳ್ಳಿ. ಆಕೆ ಆನ್‌ಲೈನ್ ಫಾರ್ಮ್ ತೆರೆದರು. ಹೆಸರು, ವಿಭಾಗ, ತಾರೀಖು ಎಲ್ಲ ಆಯಿತು. ಕೊನೆಗೆ 'ಗ್ರೇಡ್' ಅಂತ ಒಂದು ಡಬ್ಬಿ. ಒತ್ತಿದರೆ ಮೂರು ಆಯ್ಕೆ: ಕನ್ಸಲ್ಟೆಂಟ್, ಟ್ರೈನಿ, ಇತರೆ.

ಮೊದಲು 'ಇತರೆ' ಒತ್ತಿದರು. ಪ್ರಾಮಾಣಿಕ ಉತ್ತರ ಅದೇ ತಾನೇ? ಎರಡು ವಾರ ಏನೂ ಸುದ್ದಿ ಇಲ್ಲ. ವಿಚಾರಿಸಿದರೆ, 'ಇತರೆ' ಅರ್ಜಿಗಳೆಲ್ಲ ಹೋಗುವ ಇನ್‌ಬಾಕ್ಸನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಅಲ್ಲಿ ಇನ್ನೂ ಎಷ್ಟು ಜನರ ಅರ್ಜಿ ಮಲಗಿತ್ತೋ! ಎರಡನೇ ಸಲ 'ಟ್ರೈನಿ' ಒತ್ತಿದರು. ಮರುದಿನವೇ ಉತ್ತರ: ನಿಮ್ಮ ಟ್ರೈನಿಂಗ್ ನಂಬರ್ ಇಲ್ಲ, ಅರ್ಜಿ ತಿರಸ್ಕೃತ. ಮೂರನೇ ಸಲ, ಹತಾಶೆಯಿಂದ, 'ಕನ್ಸಲ್ಟೆಂಟ್'. ಅದು ಮಾತ್ರ ಸೊಗಸಾಗಿ ಮುಂದೆ ಹೋಯಿತು. ಎಷ್ಟು ಸೊಗಸಾಗಿ ಅಂದರೆ, ಕನ್ಸಲ್ಟೆಂಟ್‌ಗಳ ಮೀಟಿಂಗಿಗೆ ಬನ್ನಿ ಅಂತ ಆಹ್ವಾನ ಬಂತು! ರಜೆ ಬರಲಿಲ್ಲ. ಯಾರೋ ಹೆಸರು ಹೊಂದಿಸಿ ನೋಡಿ, ಇದು ತಪ್ಪು ಮಾಹಿತಿ, ವಿವರಣೆ ಕೊಡಿ ಅಂತ ಪತ್ರ ಬರೆದರು.

ಆಕೆ ಆ ಪತ್ರ ಹಿಡಿದುಕೊಂಡು ಬಂದರು. "ಸರ್, ನಾ ಯಾರು ಅಂತ ಈ ಫಾರ್ಮಿಗೇ ಗೊತ್ತಿಲ್ಲ ನೋಡ್ರಿ," ಅಂದರು. ನಗುತ್ತಲೇ ಅಂದರು. ಕಣ್ಣಲ್ಲಿ ನೀರಿತ್ತು.

ಈಗ ಗಮನಿಸಿ. ಯಾರಾದರೂ ಆಕೆಯನ್ನು ತುಳಿಯಬೇಕು ಅಂತ ಆ ಫಾರ್ಮ್ ಮಾಡಿದ್ದರಾ? ಖಂಡಿತ ಇಲ್ಲ. ಫಾರ್ಮ್ ಮಾಡಿದ ದಿನ ಆ ಕೋಣೆಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ, ಅಷ್ಟೇ. ಇದ್ದಿದ್ದರೆ, "ಇನ್ನೊಂದು ಸಾಲು ಸೇರಿಸಿ ಸರ್" ಅಂತಿದ್ದರು. ಅರ್ಧ ನಿಮಿಷದ ಕೆಲಸ. ನಾವು ಕೆಲವರು, ವೈದ್ಯರ ಪರವಾಗಿ ಟ್ರಸ್ಟ್ ಜೊತೆ ಮಾತುಕತೆ ನಡೆಸುವ ಲೋಕಲ್ ನೆಗೋಷಿಯೇಟಿಂಗ್ ಕಮಿಟಿಗೆ, ಅಂದರೆ ಎಲ್‌ಎನ್‌ಸಿಗೆ, ವಿಷಯ ಒಯ್ದೆವು. ನಮ್ಮ ಹಿತ ನೋಡಿಕೊಳ್ಳುವ ಸ್ಯಾಸ್ ಅಡ್ವೊಕೇಟ್ ಜೊತೆಯಲ್ಲಿ ಬಂದರು. ಸಾಲು ಸೇರಿತು. ಆಕೆ ಕೋರ್ಸಿಗೆ ಹೋದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ ಚಳಿಗಾಲದಲ್ಲಿ ಒಂದು ರಾತ್ರಿ ಎಪ್ಪತ್ತು ದಾಟಿದ ಒಬ್ಬ ಮನುಷ್ಯ ಬಂದರು. ಎಡ ಪಕ್ಕೆ ನೋವು, ತೊಡೆಸಂದಿಯವರೆಗೆ ಇಳಿಯುತ್ತದೆ. ಬಂದ ಕೂಡಲೇ ತುರ್ತು ಅಳೆದು ಬರೆಯುವ ಟ್ರಯಾಜ್ ಚೀಟಿಯಲ್ಲಿ 'ಕಿಡ್ನಿ ಕಲ್ಲು' ಅಂತ ಬರೆದಿತ್ತು. ಆ ವಯಸ್ಸಿನಲ್ಲಿ ಮೊದಲ ಸಲ ಕಿಡ್ನಿ ಕಲ್ಲು ಅಂದರೆ ನಾವೆಲ್ಲ ಏನು ಯೋಚಿಸಬೇಕು? ಹೌದು, ಅಯೋರ್ಟಾ, ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ. ಆಕೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರು. ಮೂರು ಸೆಂಟಿಮೀಟರಿಗಿಂತ ಕಡಿಮೆ ಇರಬೇಕಾದ ರಕ್ತನಾಳ ಏಳು ಸೆಂಟಿಮೀಟರ್ ಊದಿತ್ತು. ನೋಡುನೋಡುತ್ತ ಬಿಪಿ ಇಳಿಯತೊಡಗಿತು. ಫೋನ್, ರಕ್ತ, ಇನ್ನೊಂದು ಊರಿನ ವ್ಯಾಸ್ಕುಲರ್ ಸೆಂಟರಿಗೆ ನೀಲಿ ದೀಪದ ಆಂಬುಲೆನ್ಸ್. ಆ ಮನುಷ್ಯ ಬದುಕಿದರು. ರಾತ್ರಿ ಎರಡು ಗಂಟೆಗೆ ವಿಭಾಗದಲ್ಲಿ ಇದ್ದವರು ಆಕೆ. ಆಕೆಗೆ ಸ್ಟಡಿ ಲೀವ್ ಸಿಗುವುದು ಆಕೆಯ ಮೇಲಿನ ಉಪಕಾರವಾ, ರೋಗಿಯ ಹಕ್ಕಾ? ನೀವೇ ಹೇಳಿ.

ಸ್ವಲ್ಪ ಇತಿಹಾಸಕ್ಕೆ ಬರೋಣ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 1948ರಲ್ಲಿ ಶುರುವಾದಾಗ ಕ್ಯಾಶುಯಲ್ಟಿ, ಅಂದರೆ ಇವತ್ತಿನ ಎಮರ್ಜೆನ್ಸಿ ವಿಭಾಗ, ಯಾರಿಗೂ ಬೇಡವಾದ ಮನೆಯಾಗಿತ್ತು. ಮೂಳೆ ಡಾಕ್ಟರ ಹೆಸರಲ್ಲಿ ಇರುತ್ತಿತ್ತು, ಒಳಗೆ ದುಡಿಯುತ್ತಿದ್ದವರು ಬೇರೆ. 1952ರಲ್ಲಿ ಲೀಡ್ಸ್‌ನಲ್ಲಿ ಮಾರಿಸ್ ಎಲ್ಲಿಸ್ ಕ್ಯಾಶುಯಲ್ಟಿ ಕನ್ಸಲ್ಟೆಂಟ್ ಆದದ್ದೇ ಒಂದು ವಿಶೇಷ ಸಂಗತಿ. 1967ರಲ್ಲಿ ಕ್ಯಾಶುಯಲ್ಟಿ ಸರ್ಜನ್ಸ್ ಅಸೋಸಿಯೇಷನ್ ಹುಟ್ಟಿತು. ಆಗ ಈ ಕೆಲಸದಲ್ಲಿ ಕನ್ಸಲ್ಟೆಂಟ್ ಎನಿಸಿಕೊಂಡವರು ಬೆರಳೆಣಿಕೆ. ಆ ಸಂಘದಿಂದ ಬೆಳೆದು ಬಂದದ್ದೇ ಇವತ್ತಿನ ರಾಯಲ್ ಕಾಲೇಜ್ ಆಫ್ ಎಮರ್ಜೆನ್ಸಿ ಮೆಡಿಸಿನ್. ಅಂದರೆ ಕನ್ಸಲ್ಟೆಂಟ್ ಹುದ್ದೆ ಸರಿಯಾಗಿ ಬರುವ ಮೊದಲೇ ಈ ವಿಭಾಗವನ್ನು ಎತ್ತಿ ಹಿಡಿದವರು ನಮ್ಮ ಪೂರ್ವಜರು! ಭಾರತದಲ್ಲಿ ಎಮರ್ಜೆನ್ಸಿ ಮೆಡಿಸಿನ್‌ಗೆ ಪ್ರತ್ಯೇಕ ವಿಷಯ ಅಂತ ಮನ್ನಣೆ ಸಿಕ್ಕಿದ್ದು 2009ರಲ್ಲಿ. ಹಾಗಾಗಿ ನಮ್ಮಲ್ಲಿ ಹಿರಿಯರು ಅನೇಕರು ಸರ್ಜರಿ, ಆರ್ಥೋ, ಅನಸ್ತೇಶಿಯಾ ಓದಿಕೊಂಡು ಬಂದು ಇಲ್ಲಿ ಈ ಕೆಲಸವನ್ನು ಕೈಯಿಂದ ಕಲಿತವರು. ಆ ಅನುಭವಕ್ಕೆ ಇಲ್ಲಿನ ಕಾಗದದಲ್ಲಿ ಜಾಗ ಸಿಗುವುದು ಕಷ್ಟವಾಯಿತು.

ಗ್ರೇಡುಗಳ ಹೆಸರು ಎಷ್ಟು ಸಲ ಬದಲಾಯಿತು ನೋಡಿ. ಮೆಡಿಕಲ್ ಅಸಿಸ್ಟೆಂಟ್, ಅಸೋಸಿಯೇಟ್ ಸ್ಪೆಷಲಿಸ್ಟ್, ಸ್ಟಾಫ್ ಗ್ರೇಡ್. 2008ರಲ್ಲಿ ಸ್ಪೆಷಾಲಿಟಿ ಡಾಕ್ಟರ್ ಬಂತು, ಅಸೋಸಿಯೇಟ್ ಸ್ಪೆಷಲಿಸ್ಟ್ ಬಾಗಿಲು ಹೊಸಬರಿಗೆ ಮುಚ್ಚಿತು. ಅಲ್ಲಿಂದ 2021ರವರೆಗೆ ನಮಗೆ ಮೇಲೆ ಹತ್ತುವ ಮೆಟ್ಟಿಲೇ ಇರಲಿಲ್ಲ. 2021ರಲ್ಲಿ ಸ್ಪೆಷಲಿಸ್ಟ್ ಗ್ರೇಡ್ ಬಂತು. ವೈದ್ಯರಾಗಿ ಕನಿಷ್ಠ 12 ವರ್ಷ, ಅದರಲ್ಲಿ 6 ವರ್ಷ ಅದೇ ವಿಷಯದಲ್ಲಿ. ಒಳ್ಳೆಯದೇ. ಆದರೆ ಒಂದು ತೊಡಕು: ಅರ್ಹತೆ ಇದ್ದರೆ ತಾನಾಗಿ ಬಡ್ತಿ ಸಿಗುವುದಿಲ್ಲ. ಟ್ರಸ್ಟ್ ಆ ಹುದ್ದೆ ಸೃಷ್ಟಿಸಬೇಕು, ಜಾಹೀರಾತು ಕೊಡಬೇಕು. ಹುದ್ದೆ ಬೇಕು ಅಂತ ಬಿಸಿನೆಸ್ ಕೇಸ್ ಬರೆಯುವ ಮೀಟಿಂಗ್ ಯಾವಾಗ ನಡೆಯುತ್ತದೆ? ಮಧ್ಯಾಹ್ನ ಎರಡು ಗಂಟೆಗೆ. ಆಗ ನಾವೆಲ್ಲಿರುತ್ತೇವೆ? ಪರದೆ ಎಳೆದು ಮಲಗಿರುತ್ತೇವೆ, ನೈಟ್ ಮುಗಿಸಿ. ಅದಕ್ಕೇ ನಾನು ಹೇಳುವುದು, ನಮ್ಮ ಪ್ರತಿನಿಧಿಗೆ ಆ ಮೀಟಿಂಗಿಗಾಗಿ ರೋಟಾದಲ್ಲೇ ಸಮಯ ಕೊಡಬೇಕು. ನಿದ್ದೆಗೆಟ್ಟು ಬರುವುದಾದರೆ ಅದು ಪ್ರಾತಿನಿಧ್ಯ ಆಗುವುದಿಲ್ಲ.

ಮುಂದಿನದು ಜಾಬ್ ಪ್ಲಾನ್. ಇಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ. ನಮ್ಮ ಎಷ್ಟೋ ಜನಕ್ಕೆ ಜಾಬ್ ಪ್ಲಾನ್ ಇಲ್ಲ, ರೋಟಾ ಮಾತ್ರ ಇದೆ. ಎರಡೂ ಒಂದೇ ಅಂತ ತಿಳಿದಿದ್ದಾರೆ. ಜಾಬ್ ಪ್ಲಾನಿನಲ್ಲಿ ಕೆಲಸ ಅಳೆಯುವುದು ಪಿಎ ಲೆಕ್ಕದಲ್ಲಿ. ಒಂದು ಪಿಎ ಅಂದರೆ ಸಾಮಾನ್ಯ ಹೊತ್ತಿನಲ್ಲಿ ನಾಲ್ಕು ಗಂಟೆ. ಪೂರ್ಣಾವಧಿಗೆ ವಾರಕ್ಕೆ ಹತ್ತು ಪಿಎ. ಅದರಲ್ಲಿ ಕನಿಷ್ಠ ಒಂದು ಎಸ್‌ಪಿಎ ನಿಮ್ಮದು. ಓದಲು, ಆಡಿಟ್ ಮಾಡಲು, ಕಿರಿಯರಿಗೆ ಕಲಿಸಲು, ಅಪ್ರೈಸಲ್ ತಯಾರಿಗೆ. ಅದು ಒಪ್ಪಂದದಲ್ಲಿ ಇರುವ ಸಮಯ. ಆದರೂ "ಈ ತಿಂಗಳು ಜನ ಕಡಿಮೆ, ಎಸ್‌ಪಿಎ ಬಿಟ್ಟುಕೊಡ್ತೀರಾ?" ಅಂತ ಕೇಳಿದರೆ ನಾವು ತಕ್ಷಣ "ಆಯ್ತು" ಅಂತೇವೆ. ನಮ್ಮ ಊರಿನ ಸಂಸ್ಕಾರ. ಹಿರಿಯರಿಗೆ ಇಲ್ಲ ಅನ್ನೋಕೆ ಬಾಯಿ ಬರುವುದಿಲ್ಲ. ವೀಸಾ ಅವರ ಕೈಯಲ್ಲಿ ಇದ್ದರಂತೂ ಮುಗೀತು. ಆ ಭಯ ನಿಜವಾದ ಭಯ, ಅದನ್ನು ಯಾರೂ ಹಗುರ ಮಾಡಬೇಡಿ. ಅದಕ್ಕೇ ಒಬ್ಬೊಬ್ಬರೇ ಹೋಗಿ ಕೇಳುವ ಬದಲು ಒಟ್ಟಿಗೆ ಕೇಳಬೇಕು. ಒಬ್ಬರು ಕೇಳಿದರೆ 'ತಕರಾರಿನ ಮನುಷ್ಯ'. ಎಂಟು ಜನರ ಪರವಾಗಿ ಪ್ರತಿನಿಧಿ ಕೇಳಿದರೆ ಅದು ಅಜೆಂಡಾದಲ್ಲಿ ಒಂದು ವಿಷಯ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತ ಬರೆದಿದ್ದಾರೆ. ಸರಿ, ಇನ್ನು ಬೇಗ ಬೇಗ ಹೇಳುತ್ತೇನೆ.

ಪೋರ್ಟ್‌ಫೋಲಿಯೋ ಪಾಥ್‌ವೇ, ಅಂದರೆ ಇಲ್ಲಿನ ಟ್ರೈನಿಂಗ್ ಪ್ರೋಗ್ರಾಮ್ ಮುಗಿಸದೆ ದಾಖಲೆ ತೋರಿಸಿ ಕನ್ಸಲ್ಟೆಂಟ್ ಆಗುವ ಅರ್ಹತೆ ಪಡೆಯುವ ದಾರಿ. ಹಿಂದೆ ಸೀಸರ್ ಅಂತಿದ್ದೆವು. 2023ರ ನವೆಂಬರ್‌ನಿಂದ ಹೊಸ ನಿಯಮ. ಮೊದಲು ನಿಮ್ಮ ಅನುಭವ ಇಲ್ಲಿನ ಟ್ರೈನಿಂಗಿಗೆ ಸರಿಸಮ ಅಂತ ತೋರಿಸಬೇಕಿತ್ತು. ಈಗ ಇಲ್ಲಿ ಕನ್ಸಲ್ಟೆಂಟ್ ಆಗಿ ಕೆಲಸ ಮಾಡಲು ಬೇಕಾದ ತಿಳಿವಳಿಕೆ, ಕೌಶಲ, ಅನುಭವ ಇದೆ ಅಂತ ತೋರಿಸಿದರೆ ಸಾಕು. ಹಾಗಂತ ಸುಲಭವಾಯಿತು ಅಂದುಕೊಳ್ಳಬೇಡಿ. ನೂರಾರು ಪುಟಗಳ ದಾಖಲೆ ಈಗಲೂ ಬೇಕು. ನಮ್ಮ ವಿಷಯದಲ್ಲಿ ದೊಡ್ಡ ಅಡ್ಡಿ ಅನಸ್ತೇಶಿಯಾ, ಐಸಿಯು, ಮಕ್ಕಳ ವಿಭಾಗದ ಅನುಭವ. ಎಮರ್ಜೆನ್ಸಿಯಲ್ಲೇ ದುಡಿಯುತ್ತಿರುವವರನ್ನು ಮೂರು ತಿಂಗಳು ಐಸಿಯುಗೆ ಕಳಿಸಿದರೆ ಇಲ್ಲಿ ರಾತ್ರಿ ಯಾರು? ಅದೇ ಪ್ರಶ್ನೆ ಮುಂದಿಟ್ಟು ವರ್ಷಗಟ್ಟಲೆ ಮುಂದೂಡುತ್ತಾರೆ. ಡರ್ಬಿಯ ಆಸ್ಪತ್ರೆ ಇದಕ್ಕೆ ವ್ಯವಸ್ಥಿತ ಕಾರ್ಯಕ್ರಮ ಮಾಡಿ ಹೆಸರು ಗಳಿಸಿತು. ಮನಸ್ಸಿದ್ದರೆ ಆಗುತ್ತದೆ ಅಂತ ಅವರು ತೋರಿಸಿದ್ದಾರೆ. ನಿಮ್ಮ ಆಸ್ಪತ್ರೆಯಲ್ಲಿ ಅದನ್ನೇ ಕೇಳಿ.

ಇಷ್ಟು ಹೇಳಿದೆ ಅಂತ ಎಲ್ಲರೂ ಕನ್ಸಲ್ಟೆಂಟ್ ಆಗಲೇಬೇಕು ಅಂತ ನನ್ನ ಮಾತಲ್ಲ. ಧಾರವಾಡದ ಆ ವೈದ್ಯೆ ಆ ದಾರಿ ಬೇಡ ಅಂದರು. ಮಕ್ಕಳ ಜೊತೆ ಸಂಜೆ ಬೇಕು, ರೋಗಿ ನೋಡುವುದೇ ಇಷ್ಟ, ಮ್ಯಾನೇಜ್‌ಮೆಂಟ್ ಬೇಡ ಅಂದರು. ಅದು ಪೂರ್ಣ ವೃತ್ತಿಜೀವನವೇ. ಊರಿಂದ ಅಪ್ಪ ಅಮ್ಮ ಫೋನ್ ಮಾಡಿ, "ಇನ್ನೂ ಕನ್ಸಲ್ಟೆಂಟ್ ಆಗಿಲ್ವಾ?" ಅಂತ ಕೇಳ್ತಾರಲ್ಲ, ಅವರಿಗೂ ಇದನ್ನು ನಿಧಾನವಾಗಿ ತಿಳಿಸಿ ಹೇಳಿ. ಇಲ್ಲಿರುವ ಕನ್ಸಲ್ಟೆಂಟ್ ಮಿತ್ರರಲ್ಲೂ ಒಂದು ಕೋರಿಕೆ. ನಿಮ್ಮಲ್ಲಿ ಅನೇಕರು ಇದೇ ದಾರಿಯಲ್ಲಿ ಮೇಲೆ ಹೋದವರು. ಮೀಟಿಂಗಿಗೆ ಹೋಗುವಾಗ ನಿಮ್ಮ ಸ್ಯಾಸ್ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ. ಅವರ ಪರವಾಗಿ ನೀವು ಮಾತಾಡುವುದಕ್ಕಿಂತ ಅವರಿಗೊಂದು ಕುರ್ಚಿ ಹಾಕಿಸಿ.

ಟ್ರಸ್ಟ್ ಗ್ರೇಡ್ ಮಕ್ಕಳ ಬಗ್ಗೆ ಇನ್ನೂ ಬಹಳ ಹೇಳಬೇಕಿತ್ತು. ಹೊರದೇಶದ ವೈದ್ಯರಿಗೆ ಇಡುವ ಪ್ಲ್ಯಾಬ್ ಪರೀಕ್ಷೆ ಮುಗಿಸಿ ಬಂದು ಮೊದಲ ವಾರವೇ ನೈಟ್‌ಗೆ ನಿಲ್ಲುವವರು. ಅವರಿಗೆ ರಾಷ್ಟ್ರೀಯ ಒಪ್ಪಂದವೂ ಇಲ್ಲ, ಪ್ರತಿ ಆಸ್ಪತ್ರೆ ತನಗೆ ಬೇಕಾದ ಹಾಗೆ ಬರೆದುಕೊಳ್ಳುತ್ತದೆ. ವರ್ಷಗಟ್ಟಲೆ ಅಲ್ಲೇ ಇದ್ದು ಅರ್ಹತೆ ಬಂದಿದ್ದರೆ ಸ್ಪೆಷಾಲಿಟಿ ಡಾಕ್ಟರ್ ಹುದ್ದೆಗೆ ಬದಲಿಸಿ ಅಂತ ಬರೆದು ಕೇಳಿ. ನಾಲ್ಕು ವರ್ಷದ ಸ್ನಾತಕೋತ್ತರ ಅನುಭವ, ಅದರಲ್ಲಿ ಎರಡು ಎಮರ್ಜೆನ್ಸಿಯಲ್ಲಿ, ಇಷ್ಟು ಇದ್ದರೆ ಅರ್ಜಿ ಹಾಕಬಹುದು. ಬಾಯಲ್ಲಿ ಕೇಳಬೇಡಿ, ಇಮೇಲ್ ಮಾಡಿ.

ಮತ್ತೊಂದು ಚೀಟಿ ಬಂತು. ಇದರಲ್ಲಿ 'ಊಟ' ಅಂತ ಮಾತ್ರ ಇದೆ. ಆಯಿತು.

ನಮ್ಮ ರಾಯಲ್ ಕಾಲೇಜಿನಲ್ಲಿ ನಮಗಾಗಿ ಸ್ಯಾಸ್ ಸಮಿತಿ ಇದೆ. ಹಿಂದೆ ಫಾಸ್‌ಜೆಮ್ ಅಂತ ವೇದಿಕೆ ಕಟ್ಟಿದವರ ದುಡಿಮೆಯ ಫಲ ಅದು. ಚುನಾವಣೆ ಬಂದಾಗ ನಿಲ್ಲಿ, ನಿಲ್ಲದಿದ್ದರೆ ಓಟಾದರೂ ಹಾಕಿ. ನಿಮ್ಮ ಟ್ರಸ್ಟಿನ ಸ್ಯಾಸ್ ಅಡ್ವೊಕೇಟ್ ಯಾರು, ಸ್ಯಾಸ್ ಟ್ಯೂಟರ್ ಯಾರು, ಎಲ್‌ಎನ್‌ಸಿಯಲ್ಲಿ ನಿಮ್ಮವರು ಇದ್ದಾರಾ, ಈ ಮೂರನ್ನು ಸೋಮವಾರ ವಿಚಾರಿಸಿ. ಎಲ್‌ಎನ್‌ಸಿಯಲ್ಲಿ ಜಾಗ ಖಾಲಿ ಇದ್ದರೆ ನೀವೇ ಹೆಸರು ಕೊಡಿ. ಊಟದ ಮೇಲೆ ನಾನು ಬಾಗಿಲ ಹತ್ತಿರದ ಮೇಜಿನಲ್ಲಿ ಕೂತಿರುತ್ತೇನೆ, ಸಂಜೆ ನಾಟಕ ಶುರುವಾಗುವವರೆಗೂ. ಫೋನಿನಲ್ಲಿ ನಿಮ್ಮ ಜಾಬ್ ಪ್ಲಾನ್ ಇದ್ದರೆ ತೆರೆದುಕೊಂಡು ಬನ್ನಿ, ಒಟ್ಟಿಗೆ ಓದೋಣ. ಜಾಬ್ ಪ್ಲಾನೇ ಇಲ್ಲದವರು ಮೊದಲು ಬನ್ನಿ.