ಹೆಸರು ಹಿಡಿದು ನೆನೆಯುವುದು: ಅಗಲಿದವರ ಸ್ಮರಣೆ, ಉಳಿದವರ ಆಸರೆ

[ದೃಶ್ಯ: ಚರ್ಚಿನ ಒಳಗೆ ಒಂದು ಮೇಜು. ಅದರ ಮೇಲೆ ಇನ್ನೂ ಹೊತ್ತಿಸದ ಮೇಣದಬತ್ತಿಗಳ ಸಾಲು.]

ಆರಾಧನೆಯ ನಡುವೆ ಒಬ್ಬರು ಎದ್ದು ಬಂದು ಮಡಿಸಿದ ಹಾಳೆಯೊಂದನ್ನು ಬಿಡಿಸುತ್ತಾರೆ. ಆ ವರ್ಷ ಸಭೆಯನ್ನು ಅಗಲಿದವರ ಹೆಸರುಗಳು ಅದರಲ್ಲಿವೆ. ಒಂದು ಹೆಸರನ್ನು ಓದಿದಾಗ ಬೆಂಚಿನಿಂದ ಯಾರೋ ಎದ್ದು ಬಂದು ಒಂದು ಮೇಣದಬತ್ತಿಯನ್ನು ಹೊತ್ತಿಸುತ್ತಾರೆ. ಅವರು ಮರಳಿ ತಮ್ಮ ಜಾಗದಲ್ಲಿ ಕೂರುವವರೆಗೂ ಮುಂದಿನ ಹೆಸರನ್ನು ಓದುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಹತ್ತು ನಿಮಿಷದ ಸಣ್ಣ ವಿಧಿ. ಆದರೆ ಗಂಡನನ್ನೋ ಮಗಳನ್ನೋ ಕಳೆದುಕೊಂಡ ಮನೆಯಲ್ಲಿ, ಎಲ್ಲಿ ಅಳು ಬಂದುಬಿಡುವುದೋ ಎಂಬ ಅಂಜಿಕೆಯಿಂದ ಬಂಧುಗಳೂ ಆ ಹೆಸರನ್ನು ಎತ್ತದೆ ತಿಂಗಳುಗಳು ಕಳೆದಿರುತ್ತವೆ. ಆ ಹೆಸರನ್ನು ಅಷ್ಟು ಜನರ ಮುಂದೆ ಸ್ಪಷ್ಟವಾದ ದನಿಯಲ್ಲಿ ಕೇಳಿದಾಗ, ತಾವು ಇಷ್ಟು ದಿನ ಒಬ್ಬರೇ ಹೊತ್ತಿದ್ದನ್ನು ಇತರರೂ ಹೊತ್ತಿದ್ದಾರೆಂದು ಅವರಿಗೆ ಮೊದಲ ಬಾರಿಗೆ ತಿಳಿಯುತ್ತದೆ.

ಮೃತರನ್ನು ಸ್ಮರಿಸುವುದು ಒಂದು ಕೆಲಸ, ದುಃಖದಲ್ಲಿರುವವರಿಗೆ ಆಸರೆಯಾಗುವುದು ಬೇರೊಂದು ಕೆಲಸ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕ್ರೈಸ್ತ ಸಭೆಯ ಚರಿತ್ರೆಯನ್ನು ಗಮನಿಸಿದರೆ ಇವೆರಡೂ ಒಂದೇ ಬೇರಿನಿಂದ ಬೆಳೆದವು ಎಂಬುದು ಕಾಣುತ್ತದೆ. ಈ ವಿಡಿಯೋದಲ್ಲಿ ನಾನು ವಿವರಿಸಲು ಬಯಸುವುದು ಅದನ್ನೇ.

[ದೃಶ್ಯ: ರೋಮಿನ ನೆಲದಡಿಯ ಸಮಾಧಿ ಸುರಂಗಗಳು.]

ಸಮಾಧಿ ಭೂಮಿಗೆ ಆದಿ ಕ್ರೈಸ್ತರು ಬಳಸಿದ ಗ್ರೀಕ್ ಪದಕ್ಕೆ ‘ಮಲಗುವ ಸ್ಥಳ’ ಎಂದರ್ಥ. ಸತ್ತವರು ಪುನರುತ್ಥಾನದ ದಿನದವರೆಗೆ ನಿದ್ರಿಸುತ್ತಿದ್ದಾರೆ ಎಂಬ ನಂಬಿಕೆ ಆ ಒಂದು ಪದದಲ್ಲಿಯೇ ಅಡಗಿದೆ. ಎರಡನೆಯ ಶತಮಾನದಲ್ಲಿ ಸ್ಮುರ್ನಾ ನಗರದ ಬಿಷಪ್ ಪೊಲಿಕಾರ್ಪ್ ಹುತಾತ್ಮರಾದಾಗ, ಅಲ್ಲಿನ ಸಭೆಯವರು ಅವರ ಮೂಳೆಗಳನ್ನು ಆಯ್ದು ತಂದು, ಪ್ರತಿವರ್ಷ ಆ ಸ್ಥಳದಲ್ಲಿ ಕೂಡಿ ಅವರ ಮರಣದ ದಿನವನ್ನು ‘ಹುಟ್ಟಿದ ದಿನ’ವೆಂದು ಆಚರಿಸುವೆವೆಂದು ಇತರ ಸಭೆಗಳಿಗೆ ಪತ್ರ ಬರೆದರು. ಕೆಲವು ದಶಕಗಳ ನಂತರ ಉತ್ತರ ಆಫ್ರಿಕದ ಲೇಖಕ ತೆರ್ತುಲಿಯನ್, ಸಭೆಯವರು ಸ್ವಇಚ್ಛೆಯಿಂದ ಹಾಕುವ ಕಾಣಿಕೆಯ ಹಣ ಬಡವರ ಊಟಕ್ಕೂ ಅವರ ಶವಸಂಸ್ಕಾರಕ್ಕೂ ತಂದೆತಾಯಿಯಿಲ್ಲದ ಮಕ್ಕಳಿಗೂ ವಿನಿಯೋಗವಾಗುತ್ತದೆ ಎಂದು ಬರೆದರು. ಅದೇ ಲೇಖಕರು ಇನ್ನೊಂದೆಡೆ, ಅಗಲಿದವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಅರ್ಪಣೆ ಸಲ್ಲಿಸುವ ರೂಢಿಯನ್ನೂ ದಾಖಲಿಸುತ್ತಾರೆ. ಸತ್ತವರ ನೆನಪು ಮತ್ತು ಅನಾಥ ಮಗುವಿನ ತುತ್ತು ಒಂದೇ ಸಭೆಯ ಹೊಣೆಯಾಗಿದ್ದವು.

ಹೆಸರು ಓದುವ ಪದ್ಧತಿಯೂ ಬಹಳ ಹಳೆಯದು. ಪುಸ್ತಕದಂತೆ ಮಡಚುವ ಎರಡು ಹಲಗೆಗಳಲ್ಲಿ ಜೀವಂತರ ಮತ್ತು ಮೃತರ ಹೆಸರುಗಳನ್ನು ಬರೆದಿಟ್ಟು, ಪ್ರಭುಭೋಜನದ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ಆರಾಧನೆಯ, ಪ್ರಾರ್ಥನೆಯ ಸಮಯದಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಇಂಗ್ಲೆಂಡಿನ ಡರ್ಹಮ್ ಮಠದ ‘ಜೀವದ ಪುಸ್ತಕ’ ಅದೇ ಪರಂಪರೆಯದು. ಒಂಬತ್ತನೆಯ ಶತಮಾನದಲ್ಲಿ ಆರಂಭವಾದ ಆ ಪುಸ್ತಕದ ಹಳೆಯ ಪುಟಗಳಲ್ಲಿ ಹೆಸರುಗಳನ್ನು ಚಿನ್ನದ ಮತ್ತು ಬೆಳ್ಳಿಯ ಅಕ್ಷರಗಳಲ್ಲಿ ಬರೆಯಲಾಗಿದೆ. ಹೆಸರುಗಳು ಸಾವಿರಗಟ್ಟಲೆಯಾಗಿ, ಒಂದೊಂದನ್ನೂ ಓದುವುದು ಸಾಧ್ಯವಾಗದಿದ್ದಾಗ, ಪುಸ್ತಕವನ್ನೇ ಪೀಠದ ಮೇಲೆ ಇಟ್ಟು ಅದರಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸುತ್ತಿದ್ದರು.

[ದೃಶ್ಯ: ಸಮುದ್ರ ತೀರದ ಬಂದರು, ಸಂಜೆಯ ಬೆಳಕು.]

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಸಂತ ಅಗುಸ್ತೀನರು ತಮ್ಮ ತಾಯಿಯ ಮರಣದ ಕುರಿತು ಬರೆದ ಪುಟಗಳು. 387ರಲ್ಲಿ ತಾಯಿ ಮೋನಿಕಾ ಮಕ್ಕಳೊಂದಿಗೆ ಆಫ್ರಿಕಕ್ಕೆ ಮರಳಲು ರೋಮಿನ ಬಂದರಾದ ಓಸ್ತಿಯಾದಲ್ಲಿ ಕಾಯುತ್ತಿದ್ದಾಗ ಜ್ವರಕ್ಕೆ ತುತ್ತಾದರು. ಪರದೇಶದಲ್ಲಿ ಸಾಯುವಂತಾಯಿತಲ್ಲ ಎಂದು ಇನ್ನೊಬ್ಬ ಮಗ ಮರುಗಿದಾಗ ಆಕೆ, ಈ ದೇಹವನ್ನು ಎಲ್ಲಿಯಾದರೂ ಇಡಿ, ಅದರ ಚಿಂತೆ ಮಾಡಬೇಡಿ, ನೀವು ಎಲ್ಲಿಯೇ ಇರಿ, ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟೇ ನನ್ನ ಕೋರಿಕೆ ಎಂಬರ್ಥದ ಮಾತು ಹೇಳಿದರು. ತಾಯಿ ಕಣ್ಮುಚ್ಚಿದಾಗ ಅಗುಸ್ತೀನರ ಮಗ, ಇನ್ನೂ ಹುಡುಗ, ಗಟ್ಟಿಯಾಗಿ ಅತ್ತುಬಿಟ್ಟ. ಅಲ್ಲಿದ್ದ ಎಲ್ಲರೂ ಸೇರಿ ಅವನನ್ನು ಸುಮ್ಮನಾಗಿಸಿದರು. ವಿಶ್ವಾಸಿಯಾಗಿ ಸತ್ತವರಿಗೆ ಅಳುವುದು ಸಲ್ಲದೆಂದು ಅವರ ಎಣಿಕೆ. ಅಗುಸ್ತೀನರೂ ಕಣ್ಣೀರನ್ನು ತಡೆಹಿಡಿದರು. ಸಮಾಧಿಯ ಬಳಿಯೂ ಅಳಲಿಲ್ಲ. ಸ್ನಾನ ಮಾಡಿದರೆ ದುಃಖ ಹಗುರಾಗುತ್ತದೆಂದು ಯಾರೋ ಹೇಳಿದ್ದನ್ನು ನೆನೆದು ಸ್ನಾನ ಮಾಡಿದರು, ದುಃಖ ಕದಲಲಿಲ್ಲ. ಮಲಗಿ ಎದ್ದ ಮೇಲೆ, ಒಬ್ಬರೇ ಇದ್ದಾಗ, ದೇವರ ಎದುರಿಗೆ ಅತ್ತರು. ಹಲವು ವರ್ಷಗಳ ನಂತರ ಅದನ್ನು ಬರೆಯುತ್ತ, ತನ್ನನ್ನು ಓದುವವರೆಲ್ಲ ತಾಯಿ ಮೋನಿಕಾ ಮತ್ತು ತಂದೆ ಪತ್ರಿಸಿಯುಸ್ ಇಬ್ಬರನ್ನೂ ಪೀಠದ ಬಳಿ ಹೆಸರು ಹಿಡಿದು ನೆನೆಯಲಿ ಎಂದು ಬೇಡಿಕೊಂಡರು.

ಆ ಹುಡುಗನನ್ನು ಸುಮ್ಮನಾಗಿಸಿದ ಕೈಗಳು ಇಂದಿಗೂ ನಮ್ಮ ಸಭೆಗಳಲ್ಲಿವೆ. ಅದಕ್ಕೆ ಮತ್ತೆ ಬರುತ್ತೇನೆ.

ಅಗಲಿದ ವಿಶ್ವಾಸಿಗಳಿಗೆಲ್ಲ ಸೇರಿ ಒಂದು ದಿನ ಮೀಸಲಾದದ್ದು ಹತ್ತನೆಯ ಶತಮಾನದ ಕೊನೆಯಲ್ಲಿ. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಒದಿಲೋ ಅವರು ಸಕಲ ಸಂತರ ಹಬ್ಬದ ಮರುದಿನ, ಅಂದರೆ ನವೆಂಬರ್ 2ರಂದು, ತಮ್ಮ ಅಧೀನದ ಮಠಗಳಲ್ಲೆಲ್ಲ ಮೃತರಿಗಾಗಿ ಪ್ರಾರ್ಥನೆ ನಡೆಯಬೇಕೆಂದು ನಿಯಮ ಮಾಡಿದರು. ಅದು ಕ್ರಮೇಣ ಇಡೀ ಪಶ್ಚಿಮದ ಸಭೆಗೆ ಹರಡಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಮರಣದ ನಂತರ ಮೂರನೆಯ, ಒಂಬತ್ತನೆಯ, ನಲವತ್ತನೆಯ ದಿನಗಳಲ್ಲಿಯೂ ವರ್ಷ ತುಂಬಿದಾಗಲೂ ಸ್ಮರಣೆ ನಡೆಯುತ್ತದೆ. ಬೇಯಿಸಿದ ಗೋಧಿಯ ತಟ್ಟೆಯೊಂದನ್ನು ಮುಂದಿಟ್ಟು ಪ್ರಾರ್ಥಿಸುತ್ತಾರೆ. ಗೋಧಿಯ ಕಾಳು ಭೂಮಿಗೆ ಬಿದ್ದು ಸತ್ತರೆ ಬಹಳ ಫಲ ಕೊಡುತ್ತದೆ ಎಂಬ ಯೋಹಾನನ ಸುವಾರ್ತೆಯ ಮಾತು ಆ ತಟ್ಟೆಯ ಹಿಂದಿದೆ. ಕೊನೆಯಲ್ಲಿ ‘ನಿತ್ಯವಾಗಲಿ ಸ್ಮರಣೆ’ ಎಂದು ಹಾಡುತ್ತಾರೆ.

ಹದಿನಾರನೆಯ ಶತಮಾನದಲ್ಲಿ ಯುರೋಪಿನ ಸಭೆಯನ್ನು ಒಡೆದ ಸುಧಾರಣೆಯ ಕಾಲದಲ್ಲಿ ಈ ವಿಷಯ ದೊಡ್ಡ ವಿವಾದವಾಯಿತು. ಹಣ ಕೊಟ್ಟು ಪಡೆಯುವ ಪಾಪದಂಡ ವಿನಾಯಿತಿಯ ವಿರುದ್ಧ 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳು, ಮುಂದೆ ಸತ್ತವರ ಆತ್ಮಗಳು ಸ್ವರ್ಗಕ್ಕೆ ಮುನ್ನ ಶುದ್ಧಿ ಹೊಂದುವ ಶುದ್ಧೀಕರಣ ಸ್ಥಳದ ಬೋಧನೆಯನ್ನೂ ಮೃತರಿಗಾಗಿ ಮಾಡುವ ಪ್ರಾರ್ಥನೆಯನ್ನೂ ಅಲುಗಾಡಿಸಿದವು. ಇಂಗ್ಲೆಂಡಿನಲ್ಲಿ 1549ರ ಪ್ರಾರ್ಥನಾ ಪುಸ್ತಕದಲ್ಲಿ ಅಂತಹ ಪ್ರಾರ್ಥನೆ ಉಳಿದಿತ್ತು, 1552ರದರಲ್ಲಿ ಅದನ್ನು ತೆಗೆಯಲಾಯಿತು. ಸಿದ್ಧಾಂತದ ವಾದದಲ್ಲಿ ಯಾರ ಪಕ್ಷ ಸರಿಯೆಂದು ತೀರ್ಮಾನಿಸುವುದು ಈ ವಿಡಿಯೋದ ಉದ್ದೇಶವಲ್ಲ. ಗಮನಿಸಬೇಕಾದದ್ದು ಇಷ್ಟು: ಮೃತರಿಗಾಗಿ ಪ್ರಾರ್ಥಿಸುವುದನ್ನು ಬಿಟ್ಟ ಸಭೆಗಳೂ ಅವರನ್ನು ನೆನೆಯುವುದನ್ನು ಬಿಟ್ಟು ಬಹಳ ಕಾಲ ಇರಲಾಗಲಿಲ್ಲ. 1732ರ ಈಸ್ಟರ್ ಮುಂಜಾನೆ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯ ಯುವಕರು ಸೂರ್ಯೋದಯಕ್ಕೆ ಸಮಾಧಿಗಳ ನಡುವೆ ನಿಂತು ಪುನರುತ್ಥಾನದ ಹಾಡುಗಳನ್ನು ಹಾಡಿದರು. ಆ ಸಭೆಯವರು ಇಂದಿಗೂ ಹಾಗೆ ಕೂಡುತ್ತಾರೆ. ನೆಪೋಲಿಯನ್ನನ ಯುದ್ಧಗಳು ಮುಗಿದ ಮರುವರ್ಷ, 1816ರಲ್ಲಿ, ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಮ್ ತನ್ನ ರಾಜ್ಯದ ಪ್ರೊಟೆಸ್ಟಂಟ್ ಚರ್ಚುಗಳಲ್ಲಿ ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್‌ಗೆ ಸಿದ್ಧರಾಗುವ ವಾರಗಳಿಗೆ, ಮುಂಚಿನ ಭಾನುವಾರವನ್ನು ಮೃತರ ಸ್ಮರಣೆಗೆ ಗೊತ್ತುಮಾಡಿದ. ಜರ್ಮನಿಯ ಅನೇಕ ಚರ್ಚುಗಳಲ್ಲಿ ಆ ದಿನ ಹೆಸರುಗಳನ್ನು ಓದುತ್ತಾರೆ.

[ದೃಶ್ಯ: ಚರ್ಚಿನ ಬೆಂಚು. ಒಬ್ಬ ಮಹಿಳೆ ತುದಿಯಲ್ಲಿ ಕೂತಿದ್ದಾರೆ. ಪಕ್ಕದ ಜಾಗ ಖಾಲಿಯಿದೆ.]

ಇನ್ನು ಉಳಿದವರ ವಿಷಯ. ಶವಸಂಸ್ಕಾರದ ದಿನ ಸಭೆಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ. ಹಾಡು, ಪಾಠ, ಮಣ್ಣು, ಪ್ರಾರ್ಥನೆ, ಮನೆ ತುಂಬ ಜನ. ಕಷ್ಟ ಇರುವುದು ಅದರ ನಂತರ. ಮೊದಲ ತಿಂಗಳು ಕಳೆದು, ದಾಖಲೆಗಳ ಓಡಾಟ ಮುಗಿದು, ಬಂಧುಗಳು ಅವರವರ ಊರಿಗೆ ಹೋಗಿ, ಬಾಗಿಲು ಬಡಿಯುವವರು ವಿರಳವಾದ ಮೇಲೆ ನಿಜವಾದ ಒಂಟಿತನ ಶುರುವಾಗುತ್ತದೆ. ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ಕೂತ ಬೆಂಚಿಗೆ ಒಬ್ಬರೇ ಮರಳುವುದು ಎಷ್ಟು ಕಠಿಣವೆಂಬುದು, ಅಲ್ಲಿಗೆ ಪ್ರತಿವಾರ ಸಲೀಸಾಗಿ ಬರುವವರಿಗೆ ತೋಚುವುದಿಲ್ಲ. ಮಣ್ಣಿನ ದಿನ ಹಾಡಿದ ಹಾಡನ್ನೇ ಯಾವುದೋ ಭಾನುವಾರ ಮತ್ತೆ ಹಾಡಿದರೆ ಅವರು ನಡುವೆಯೇ ಎದ್ದು ಹೊರಗೆ ಹೋಗಬಹುದು. ಅನೇಕರು ಚರ್ಚಿಗೆ ಬರುವುದನ್ನು ನಿಲ್ಲಿಸುವುದು ನಂಬಿಕೆ ಕಳೆದುಕೊಂಡು ಅಲ್ಲ, ಆ ಜಾಗವನ್ನು ಎದುರಿಸಲಾಗದೆ. ‘ಈ ಭಾನುವಾರ ನನ್ನ ಜೊತೆ ಹಿಂದಿನ ಸಾಲಿನಲ್ಲಿ ಕೂರೋಣ, ಬೇಕೆನಿಸಿದಾಗ ಇಬ್ಬರೂ ಹೊರಗೆ ಹೋಗೋಣ’ ಎಂದು ಒಬ್ಬರು ಹೇಳಿದರೆ, ಅದು ಒಂದು ಒಳ್ಳೆಯ ಪ್ರಸಂಗಕ್ಕಿಂತ ಹೆಚ್ಚಿನ ಉಪಕಾರ.

ಮಾತಿನ ವಿಷಯದಲ್ಲಿ ನಾವು ತೀರಾ ಎಚ್ಚರ ವಹಿಸಬೇಕು. ‘ದೇವರ ಚಿತ್ತ’, ‘ಒಳ್ಳೆಯ ಜಾಗದಲ್ಲಿದ್ದಾರೆ, ಅಳಬೇಡಿ’, ಮಗುವನ್ನು ಕಳೆದುಕೊಂಡವರಿಗೆ ‘ಇನ್ನೊಂದು ಆಗುತ್ತದೆ’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಆದರೆ ಓಸ್ತಿಯಾದಲ್ಲಿ ಆ ಹುಡುಗನನ್ನು ಸುಮ್ಮನಾಗಿಸಿದ ಕೈಗಳು ಇವೇ. ಸತ್ತ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಯೇಸು ಅವನ ಸಮಾಧಿಯ ದಾರಿಯಲ್ಲಿ ಕಣ್ಣೀರು ಬಿಟ್ಟರು. ಪೌಲನು ಥೆಸಲೋನಿಕದವರಿಗೆ ಬರೆದದ್ದು ದುಃಖಿಸಬೇಡಿ ಎಂದಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು. ರೋಮದವರಿಗೆ ಆತ ಬರೆದದ್ದು ಇನ್ನೂ ನೇರವಾಗಿದೆ: ಅಳುವವರ ಸಂಗಡ ಅಳಿರಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಬೈಬಲಿನ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನೊಂದಿಗೆ ಮಾತಿಲ್ಲದೆ ಕೂತಿದ್ದರು. ಅವರು ತಪ್ಪು ಮಾಡಿದ್ದು ಬಾಯಿ ತೆರೆದು ಕಾರಣ ಹೇಳತೊಡಗಿದಾಗ. ಕೀರ್ತನೆ 88 ಕತ್ತಲೆ ಎಂಬ ಮಾತಿನಲ್ಲಿಯೇ ಮುಗಿಯುತ್ತದೆ, ಸಾಂತ್ವನದ ಸಾಲೊಂದನ್ನೂ ಕೊನೆಗೆ ಸೇರಿಸುವುದಿಲ್ಲ. ಅದು ಪವಿತ್ರ ಗ್ರಂಥದಲ್ಲಿ ಇರುವುದೇ ಶೋಕದಲ್ಲಿರುವವರಿಗೆ ದೊಡ್ಡ ಅನುಮತಿ ಎಂದು ನಾನು ನಂಬುತ್ತೇನೆ.

ಇಲ್ಲಿ ಮನೋವಿಜ್ಞಾನದ ಎರಡು ಸಂಗತಿಗಳನ್ನು ಹೇಳಬೇಕು. ದುಃಖಕ್ಕೆ ಐದು ಹಂತಗಳಿವೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಮರಣ ಸಮೀಪಿಸಿದ ರೋಗಿಗಳ ಬಗ್ಗೆ. ಅದನ್ನು ಉಳಿದವರ ಶೋಕಕ್ಕೆ ಅಳತೆಗೋಲಾಗಿ ಹಿಡಿದು ‘ನೀವು ಇನ್ನೂ ಕೋಪದ ಹಂತದಲ್ಲಿದ್ದೀರಿ’ ಎಂದು ಯಾರಿಗೂ ಹೇಳಬಾರದು. ಸತ್ತವರೊಂದಿಗಿನ ನಂಟನ್ನು ಕಡಿದುಕೊಂಡರೆ ಮಾತ್ರ ಮನಸ್ಸು ಗುಣವಾಗುತ್ತದೆ ಎಂಬ ಹಳೆಯ ಅಭಿಪ್ರಾಯವೂ ಈಗ ಬದಲಾಗಿದೆ. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು, ಆ ನಂಟು ರೂಪ ಬದಲಿಸಿಕೊಂಡು ಮುಂದುವರಿಯುವುದು ಸಹಜವೆಂದು ತೋರಿಸಿದರು. ಹೆಸರುಗಳ ಹಾಳೆಯನ್ನು ಓದುವ ಸಭೆ ಶತಮಾನಗಳಿಂದ ಆ ನಂಟಿಗೆ ಜಾಗ ಕೊಡುತ್ತಲೇ ಬಂದಿದೆ. ಆದರೆ ಸಭೆ ಆಸ್ಪತ್ರೆಯಲ್ಲ. ವರ್ಷ ಕಳೆದರೂ ದಿನನಿತ್ಯದ ಬದುಕು ನಡೆಸಲಾಗದಷ್ಟು ತೀವ್ರವಾಗಿ ಶೋಕ ಉಳಿದಿದ್ದರೆ, ಅಥವಾ ಯಾರಾದರೂ ತಾವೂ ಸಾಯಬೇಕೆಂದು ಹೇಳಿದರೆ, ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದು ಸಭೆಯ ಕರ್ತವ್ಯ.

ಸಭೆಗಳು ಬಹುಕಾಲ ಹೆಸರು ಹಿಡಿಯದೆ ಬಿಟ್ಟ ಮೃತರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಶವಸಂಸ್ಕಾರ ನಿರಾಕರಿಸುವ ನಿಯಮ ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆಯಲ್ಲಿ ಇತ್ತು. 1983ರ ಸಂಹಿತೆ ಅದನ್ನು ಕೈಬಿಟ್ಟಿತು, ಸಭೆಯ ಬೋಧನೆಗಳ ಅಧಿಕೃತ ಗ್ರಂಥವಾದ 1992ರ ಧರ್ಮೋಪದೇಶವು ಅವರ ನಿತ್ಯ ರಕ್ಷಣೆಯ ವಿಷಯದಲ್ಲಿ ನಿರಾಶೆ ಬೇಡ, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಹೇಳಿತು. ನಿಯಮ ಬದಲಾದರೂ ಪಿಸುಮಾತು ಬೇಗ ನಿಲ್ಲುವುದಿಲ್ಲ. ಆ ಮನೆಗೆ ಹೋಗುವವರು ಹೇಗೆ ಆಯಿತೆಂದು ಕೇಳದೆ, ಆ ವ್ಯಕ್ತಿ ಹೇಗೆ ಬದುಕಿದ್ದರೆಂದು ಕೇಳಲಿ. ಹುಟ್ಟುವ ಮೊದಲೇ ತೀರಿಹೋದ ಮಗುವಿನ ತಂದೆತಾಯಿಯರೂ ಹೀಗೆಯೇ ಮರೆವಿಗೆ ಸಲ್ಲುತ್ತಾರೆ. ಮಗುವಿಗೆ ಹೆಸರಿಟ್ಟಿದ್ದರೆ ಅದನ್ನೂ ಹಾಳೆಯಲ್ಲಿ ಸೇರಿಸಬಹುದೇ ಎಂದು ಅವರನ್ನು ಮೆಲ್ಲಗೆ ವಿಚಾರಿಸಬೇಕು.

ನೆರವಿನ ವಿಷಯದಲ್ಲಿ ಒಂದೇ ಮಾತು. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ, ಯೋಚಿಸುವ ಶಕ್ತಿಯೇ ಇಲ್ಲದವರ ಮೇಲೆ ಯೋಚಿಸುವ ಭಾರವನ್ನು ಹೊರಿಸಿದಂತೆ. ‘ಗುರುವಾರ ಸಂಜೆ ಐದಕ್ಕೆ ಬರುತ್ತೇನೆ, ಮಕ್ಕಳನ್ನು ಎರಡು ಗಂಟೆ ನೋಡಿಕೊಳ್ಳುತ್ತೇನೆ’ ಎನ್ನಿ.

[ದೃಶ್ಯ: ಮೇಜಿನ ಮೇಲೆ ಎರಡು ನೋಟ್ ಪುಸ್ತಕಗಳು, ಒಂದು ಹಳೆಯದು, ಒಂದು ಹೊಸದು.]

ಇದೆಲ್ಲ ನಡೆಯಬೇಕಾದರೆ ಸಭಾಪಾಲಕರೊಬ್ಬರಿಂದ ಆಗದು. ಒಂದು ನೋಟ್ ಪುಸ್ತಕ ಮತ್ತು ಅದನ್ನು ನಿಷ್ಠೆಯಿಂದ ನೋಡಿಕೊಳ್ಳುವ ಒಬ್ಬರು ಬೇಕು. ಅದರಲ್ಲಿ ತೀರಿಕೊಂಡ ದಿನ ಮಾತ್ರವಲ್ಲ, ಆ ವ್ಯಕ್ತಿಯ ಹುಟ್ಟುಹಬ್ಬ ಮತ್ತು ಮದುವೆಯ ದಿನವೂ ಇರಬೇಕು, ಏಕೆಂದರೆ ಆ ದಿನಗಳೂ ಅಷ್ಟೇ ಭಾರ. ಹೆಸರು ಓದುವವರು ಒಂದು ವಾರ ಮೊದಲೇ ಮನೆಯವರಿಗೆ ಫೋನ್ ಮಾಡಿ, ಹೆಸರನ್ನು ಹೇಗೆ ಉಚ್ಚರಿಸಬೇಕು, ಪೂರ್ಣ ಹೆಸರೋ ಎಲ್ಲರೂ ಕರೆಯುತ್ತಿದ್ದ ಹೆಸರೋ ಎಂದು ಕೇಳಿ ಬರೆದುಕೊಳ್ಳಬೇಕು. ವರ್ಷದ ಕೊನೆಯಲ್ಲಿ ಪುಸ್ತಕ ನೋಡಿಕೊಳ್ಳುವವರು ಕೂತು, ಹಳೆಯದರಿಂದ ಹೊಸದಕ್ಕೆ ಒಂದೊಂದೇ ದಿನಾಂಕವನ್ನು ವರ್ಗಾಯಿಸುತ್ತಾರೆ. ಎರಡನೆಯ ವರ್ಷ, ಮೂರನೆಯ ವರ್ಷವೂ ಯಾವ ಹೆಸರನ್ನೂ ಬಿಡುವುದಿಲ್ಲ. ಅವುಗಳಲ್ಲಿ ಕೆಲವು ಹೆಸರುಗಳಿಗೆ ಈಗ ಮನೆಯವರು ಯಾರೂ ಉಳಿದಿಲ್ಲ, ಫೋನ್ ಮಾಡಲು ನಂಬರೂ ಇಲ್ಲ. ಸ್ಮರಣೆಯ ಭಾನುವಾರ ಅಂಥ ಹೆಸರನ್ನು ಓದಿದಾಗ ಯಾವ ಬೆಂಚಿನಿಂದಲೂ ಯಾರೂ ಏಳುವುದಿಲ್ಲ. ಆಗ ಆ ನೋಟ್ ಪುಸ್ತಕವನ್ನು ನೋಡಿಕೊಳ್ಳುವವರೇ ಎದ್ದು ಹೋಗಿ ಮೇಣದಬತ್ತಿ ಹೊತ್ತಿಸುತ್ತಾರೆ, ಓದುವವರು ಅವರು ಮರಳಿ ಕೂರುವವರೆಗೂ ಕಾಯುತ್ತಾರೆ.