ಫೇಸ್‌ಲಿಫ್ಟ್‌ಗೆ ಮುಹೂರ್ತ ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ಆಪರೇಷನ್ ಥಿಯೇಟರ್ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ನಾನು ಕೆಲಸ ಬಿಟ್ಟರೂ ಜನ ಕೇಳುವುದನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ, ಖಡೇಬಜಾರಿನ ಸೀರೆ ಅಂಗಡಿಯಲ್ಲಿ ಯಾರಾದರೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ: "ಸಿಸ್ಟರ್, ಮಾರಿ ಪೂರಾ ಜೋತು ಬಿದ್ದೈತ್ರಿ. ಆ ಫೇಸ್‌ಲಿಫ್ಟ್ ಅಂತಾರಲ್ಲ, ಅದನ್ನ ಯಾವಾಗ ಮಾಡಿಸಿದ್ರ ಚಲೋರಿ?" ಗಂಡಸರೂ ಕೇಳುತ್ತಾರೆ. ಅವರು "ನಮ್ಮ ದೋಸ್ತ ಒಬ್ಬಾಂವ ಕೇಳಾಕತ್ತಾನ್ರಿ" ಎಂದು ಶುರು ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಫೇಸ್‌ಲಿಫ್ಟ್ ಎಂದರೆ ಜೋತು ಬಿದ್ದ ಮುಖವನ್ನು ಎತ್ತಿ ಬಿಗಿಯುವ ಆಪರೇಷನ್. ಮಾಡಿಸಬೇಕೋ ಬೇಡವೋ ಅವರವರ ಇಷ್ಟ. ತಲೆಗೆ ಬಣ್ಣ ಹಚ್ಚಿಕೊಳ್ಳುವ ನಾನು ಬೇರೆಯವರಿಗೆ ಏನು ಉಪದೇಶ ಮಾಡಲಿ? ಆದರೆ ಯಾವಾಗ ಎಂದು ಕೇಳಿದರೆ ಹೇಳುವುದು ಬಹಳ ಇದೆ.

ಎಲ್ಲರೂ ಒಂದು ವಯಸ್ಸು ಹೇಳಿ ಎನ್ನುತ್ತಾರೆ. 45 ಅನ್ನಿ, 50 ಅನ್ನಿ. ಹಾಗೆ ಹೇಳಲು ಬರುವುದಿಲ್ಲ. ಸಾಮಾನ್ಯವಾಗಿ 40ರಿಂದ 60ರ ದಶಕದೊಳಗಿನವರು ಮಾಡಿಸಿಕೊಳ್ಳುತ್ತಾರೆ, ನಿಜ. ಆದರೆ ಒಬ್ಬರಿಗೆ 48ಕ್ಕೇ ದವಡೆಯ ಅಂಚಿನಲ್ಲಿ ಮಾಂಸ ಜೋತಿರುತ್ತದೆ. ಇನ್ನೊಬ್ಬರಿಗೆ 62 ಆದರೂ ಕುತ್ತಿಗೆ ಬಿಗಿಯಾಗಿರುತ್ತದೆ. ನಮ್ಮ ಚರ್ಮದಲ್ಲಿ ಬಣ್ಣದ ಅಂಶ ಜಾಸ್ತಿ. ಹಾಗಾಗಿ ಸಣ್ಣ ಗೆರೆಗಳು ಬಿಳಿ ಚರ್ಮದವರಿಗಿಂತ ತಡವಾಗಿ ಬರುತ್ತವೆ. ಡಾಕ್ಟರು ನೋಡುವುದು ದವಡೆ, ಕುತ್ತಿಗೆ, ಮೂಗಿನ ಪಕ್ಕದ ಮಡಿಕೆ. ಹುಟ್ಟಿದ ತಾರೀಖು ಆಮೇಲೆ.

ಈ ಆಪರೇಷನ್‌ನಲ್ಲಿ ಏನು ಮಾಡುತ್ತಾರೆ ಎಂದು ಗೊತ್ತಾದರೆ ಮುಂದಿನ ಮಾತು ಸುಲಭ. ಕೂದಲಿನ ಅಂಚಿನಿಂದ ಶುರುವಾಗಿ, ಕಿವಿಯ ಮುಂದೆ ಇಳಿದು, ಕಿವಿಯ ಹಾಲೆ ಸುತ್ತಿ, ಹಿಂದಿನ ಕೂದಲಿನವರೆಗೆ ಕೊಯ್ಯುತ್ತಾರೆ. ಚರ್ಮವನ್ನು ಬಿಡಿಸಿ ಎತ್ತುತ್ತಾರೆ. ಹಿಂದೆ, ಅಂದರೆ 20ನೇ ಶತಮಾನದ ಮೊದಲ ಭಾಗದಲ್ಲಿ, ಬರೀ ಚರ್ಮವನ್ನು ಎಳೆದು ಹೊಲಿಯುತ್ತಿದ್ದರು. ಅದು ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಕೌದಿಯ ಮೇಲಿನ ಬಟ್ಟೆಯನ್ನಷ್ಟೇ ಎಳೆದರೆ ಒಳಗಿನ ಪದರ ಅಲ್ಲೇ ಮುದ್ದೆಯಾಗಿ ಉಳಿಯುತ್ತದೆ, ಅಲ್ವಾ? 1976ರಲ್ಲಿ ಮಿಟ್ಜ್ ಮತ್ತು ಪೆರೋನಿ ಎಂಬ ಫ್ರಾನ್ಸಿನ ಇಬ್ಬರು ವೈದ್ಯರು ಚರ್ಮದ ಕೆಳಗಿರುವ ಆ ಗಟ್ಟಿ ಪದರವನ್ನು ವಿವರವಾಗಿ ಬರೆದರು. ಅದಕ್ಕೆ ಸ್ಮಾಸ್ ಎನ್ನುತ್ತಾರೆ. ಈಗ ಅದನ್ನೇ ಎತ್ತಿ ಬಿಗಿಯುತ್ತಾರೆ. ಮೇಲಿನ ಚರ್ಮವನ್ನು ಎಳೆಯದೆ ಕೂರಿಸಿ, ಉಳಿದಷ್ಟನ್ನು ಕತ್ತರಿಸುತ್ತಾರೆ. ಮೂರರಿಂದ ಐದು ತಾಸಿನ ಕೆಲಸ.

ಇದರಿಂದ ಹಣೆಯ ಗೆರೆ ಹೋಗುವುದಿಲ್ಲ. ಕಣ್ಣಿನ ಕೆಳಗಿನ ಚೀಲ ಹೋಗುವುದಿಲ್ಲ. ಬಂಗಿನ ಕಲೆಯೂ ಹೋಗುವುದಿಲ್ಲ. ಅವಕ್ಕೆಲ್ಲ ಬೇರೆ ಚಿಕಿತ್ಸೆ ಇವೆ.

ಇನ್ನು ನಮ್ಮ ಭಾಗದ ದೊಡ್ಡ ಸಂಗತಿಗೆ ಬರೋಣ. ತಂಬಾಕು. ನಿಪ್ಪಾಣಿ ಕಡೆ ಅದೇ ಬೆಳೆ. ಗಂಡಸರು ಗುಟ್ಕಾ ಹಾಕುತ್ತಾರೆ. ಹೆಂಗಸರು ಎಲೆ ಅಡಿಕೆಯ ಜೊತೆ ಎಸಳು ತಂಬಾಕು ಇಟ್ಟುಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಹಲ್ಲಿಗೆ ಮಿಶ್ರಿ, ಅಂದರೆ ಹುರಿದು ಪುಡಿ ಮಾಡಿದ ತಂಬಾಕು, ಹಚ್ಚುತ್ತಾರೆ. ಆಪರೇಷನ್‌ಗೆ ಮುಂಚೆ ಡಾಕ್ಟರು "ಸಿಗರೇಟ್ ಸೇದ್ತೀರಾ?" ಎಂದು ಕೇಳುತ್ತಾರೆ. ನಮ್ಮ ಅಕ್ಕಂದಿರು "ಇಲ್ರಿ ಸಾಹೇಬ್ರ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಿಶ್ರಿಯೂ ತಂಬಾಕೇ ಎಂದು ಅವರಿಗೆ ಅನಿಸಿಯೇ ಇರುವುದಿಲ್ಲ.

ಬಾಯಲ್ಲಿಟ್ಟರೂ ಸೇದಿದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ಫೇಸ್‌ಲಿಫ್ಟ್‌ನಲ್ಲಿ ಬಿಡಿಸಿದ ಚರ್ಮ ಬದುಕುವುದೇ ಆ ಸಣ್ಣ ನಾಳಗಳ ರಕ್ತದಿಂದ. ಅದು ಸಾಲದಿದ್ದರೆ ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸಾಯುತ್ತದೆ. ಆ ಗಾಯ ಮಾಯಲು ವಾರಗಟ್ಟಲೆ ಬೇಕು, ಕಲೆ ಅಗಲವಾಗಿ ಉಳಿಯುತ್ತದೆ. ಅದಕ್ಕೇ ಕನಿಷ್ಠ ನಾಲ್ಕು ವಾರ ಮೊದಲು ಮತ್ತು ನಾಲ್ಕು ವಾರ ಆಮೇಲೆ ತಂಬಾಕಿನ ಯಾವ ರೂಪವೂ ಬೇಡ ಎನ್ನುತ್ತಾರೆ. ಬಿಡಲು ಆಗದಿದ್ದರೆ ನಿಮ್ಮ ಸಮಯ ಇನ್ನೂ ಬಂದಿಲ್ಲ ಎಂದೇ ಲೆಕ್ಕ.

ತಂಬಾಕಿನ ಜೊತೆ ಹಲ್ಲಿನ ಮಾತೂ ಇದೆ. ಹಿಂದಿನ ಹಲ್ಲುಗಳು ಬಿದ್ದು ಹೋದರೆ ದವಡೆಯ ಎಲುಬು ಸವೆಯುತ್ತದೆ, ಗಲ್ಲ ಒಳಗೆ ಹೋಗುತ್ತದೆ. ಮುಖ ಹತ್ತು ವರ್ಷ ಮುಂದೆ ಓಡಿದ ಹಾಗೆ ಕಾಣುತ್ತದೆ. ಅಂಥವರು ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಹಲ್ಲಿನ ಸೆಟ್ ಸರಿಯಾಗಿ ಕೂತ ಮೇಲೆ ಕನ್ನಡಿ ನೋಡಿ. ಫೇಸ್‌ಲಿಫ್ಟ್ ಬೇಡವೇ ಬೇಡ ಅನಿಸಿದರೂ ಅನಿಸೀತು.

ಆಮೇಲೆ ಬಿಪಿ. ಈ ಆಪರೇಷನ್‌ನಲ್ಲಿ ಹೆಚ್ಚಾಗಿ ಆಗುವ ತೊಂದರೆ ಎಂದರೆ ಚರ್ಮದ ಕೆಳಗೆ ರಕ್ತ ತುಂಬಿಕೊಳ್ಳುವುದು. ಹೆಮಟೋಮಾ ಎನ್ನುತ್ತಾರೆ. ಬಹುಮಟ್ಟಿಗೆ ಮೊದಲ 24 ತಾಸಿನೊಳಗೇ ಆಗುತ್ತದೆ. ಗಂಡಸರಿಗೆ ಜಾಸ್ತಿ, ಬಿಪಿ ಇದ್ದವರಿಗೆ ಇನ್ನೂ ಜಾಸ್ತಿ. ಒಂದು ಕಡೆಯ ಕೆನ್ನೆ ದಿಢೀರನೆ ಊದಿ ನೋವು ಶುರುವಾದರೆ ರಾತ್ರಿ ಎರಡು ಗಂಟೆಯಾದರೂ ಮತ್ತೆ ಥಿಯೇಟರಿಗೆ ಒಯ್ಯಬೇಕಾಗುತ್ತದೆ. ಆದ್ದರಿಂದ ಬಿಪಿ ಹತೋಟಿಗೆ ಬಂದು ಸ್ವಲ್ಪ ಕಾಲ ಹಾಗೇ ನಿಂತಿರಬೇಕು. ಸಕ್ಕರೆ ಕಾಯಿಲೆಗೂ ಇದೇ ಮಾತು. ಆಸ್ಪಿರಿನ್, ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿದವರಂತೂ ಖಂಡಿತ ಬೇಡ. ಹೃದಯದ ಡಾಕ್ಟರೂ ಸರ್ಜನ್ನೂ ಮಾತಾಡಿಕೊಂಡು ತೀರ್ಮಾನ ಮಾಡಲಿ.

ತೂಕ ಇಳಿಸುವ ಮನಸ್ಸಿದ್ದರೆ ಮೊದಲು ಇಳಿಸಿ. ಬಿಗಿದ ಮೇಲೆ ಹತ್ತು ಕಿಲೋ ಇಳಿದರೆ ಮುಖ ಮತ್ತೆ ಸಡಿಲ.

ಕಾಲದ ಮಾತೂ ಬಂತು. ವಿಜಯಪುರದ ಏಪ್ರಿಲ್, ಮೇ ನಿಮಗೆ ಗೊತ್ತೇ ಇದೆ. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಕೂರುವುದು ಯಾರಿಗೆ ಬೇಕು? ಅದಕ್ಕಿಂತ ಮುಖ್ಯ, ಹಸಿ ಕಲೆಗೆ ಬಿಸಿಲು ತಾಗಿದರೆ ಅದು ಕಪ್ಪಾಗುತ್ತದೆ. ನಮ್ಮ ಬಣ್ಣದವರಿಗೆ ಇನ್ನೂ ಬೇಗ. ನನ್ನನ್ನು ಕೇಳಿದರೆ ದೀಪಾವಳಿ ಮುಗಿದ ಮೇಲೆ, ಚಳಿಗಾಲ ಒಳ್ಳೆಯದು. ಆದರೆ ಬೆಳಗಾವಿ, ಬಾಗಲಕೋಟೆ ಕಡೆ ಅದೇ ಹೊತ್ತಿಗೆ ಕಬ್ಬು ಕಡಿಯುವ ಹಂಗಾಮು. ಮನೆ ತುಂಬ ಆಳುಗಳಿಗೆ ಬುತ್ತಿ ಕಟ್ಟುವ ಹೆಂಗಸಿಗೆ ಮೂರು ವಾರ ವಿಶ್ರಾಂತಿ ಎಲ್ಲಿಂದ ಬರಬೇಕು? ತಲೆ ಎತ್ತರಿಸಿ ಮಲಗಬೇಕು, ಬಗ್ಗಬಾರದು, ಕೊಡ ಎತ್ತಬಾರದು. ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಕೆನ್ನೆ, ಕಿವಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮರಗಟ್ಟಿರುತ್ತವೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಝಳ ತಾಗಿದರೂ ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಗೊತ್ತಾಗುತ್ತದೆ. ಹಾಗಾಗಿ ತಾರೀಖು ಗೊತ್ತು ಮಾಡುವ ಮೊದಲು ರೊಟ್ಟಿ ಯಾರು ಮಾಡುತ್ತಾರೆ ಎಂದು ಗೊತ್ತು ಮಾಡಿ. ಸೊಸೆಗೆ ಹೇಳಿ ನೋಡಿ. ಮಗನಿಗೂ ಹೇಳಿ.

ಮದುವೆ ನೋಡಿಕೊಂಡು ತಾರೀಖು ಹಿಡಿಯುವವರೇ ಜಾಸ್ತಿ. "ಫೆಬ್ರುವರಿಯೊಳಗ ಮಗಳ ಲಗ್ನ ಐತ್ರಿ, ಜನವರಿಯೊಳಗ ಮುಗಿಸಿಬಿಡೂಣ." ಬೇಡ್ರಿ. ಹೊಲಿಗೆ ಬಿಚ್ಚುವುದಕ್ಕೇ ವಾರದಿಂದ ಹತ್ತು ದಿನ. ನೀಲಿ ಕಲೆ ಎರಡು ಮೂರು ವಾರ ಇರುತ್ತದೆ. ಸಣ್ಣ ಬಾವು ತಿಂಗಳುಗಟ್ಟಲೆ ಇರುತ್ತದೆ. ಕಲೆ ಪೂರ್ತಿ ಮಾಗಲು ಒಂದು ವರ್ಷ. ಭಾರದ ಝುಮಕಿಯನ್ನು ಡಾಕ್ಟರು ಹೂಂ ಎನ್ನುವವರೆಗೆ ಹಾಕುವಂತಿಲ್ಲ. ಕಾರ್ಯಕ್ರಮಕ್ಕೆ ಕಡಿಮೆಯೆಂದರೂ ಮೂರು ತಿಂಗಳು, ಸಾಧ್ಯವಾದರೆ ಆರು ತಿಂಗಳು ಮೊದಲು ಆಗಿರಬೇಕು. ಇಲ್ಲದಿದ್ದರೆ ಲಗ್ನ ಮುಗಿದ ಮೇಲೆ ನಿಶ್ಚಿಂತೆಯಿಂದ ಮಾಡಿಸಿ. ಆಗ ಬಿಪಿಯೂ ಇಳಿದಿರುತ್ತದೆ.

ಗಂಡ ತೀರಿಕೊಂಡ ವರ್ಷ, ಸಂಸಾರ ಮುರಿದ ವರ್ಷ ಇಂಥ ನಿರ್ಧಾರ ಬೇಡ. ಒಳ್ಳೆಯ ಸರ್ಜನ್ನುಗಳು ತಾವೇ ಮುಂದಕ್ಕೆ ಹಾಕುತ್ತಾರೆ. ಸೆಲ್ಫಿ ನೋಡಿ ಗಾಬರಿಯಾದವರೂ ಸ್ವಲ್ಪ ತಾಳಿ. ಫೋನನ್ನು ಮುಖದ ಹತ್ತಿರ ಹಿಡಿದಾಗ ಕ್ಯಾಮೆರಾ ಮುಖದ ಅಳತೆಯನ್ನೇ ಕೆಡಿಸುತ್ತದೆ. ಐದಾರು ಅಡಿ ದೂರದಿಂದ ಬೇರೆಯವರ ಕೈಲಿ ಫೋಟೋ ತೆಗೆಸಿ ನೋಡಿ.

ಖರ್ಚಿನ ವಿಷಯ. ಚಂದಕ್ಕೆ ಮಾಡಿಸುವ ಆಪರೇಷನ್‌ಗೆ ಆಯುಷ್ಮಾನ್ ಕಾರ್ಡ್ ನಡೆಯುವುದಿಲ್ಲ. ಸಾಮಾನ್ಯವಾಗಿ ಆರೋಗ್ಯ ವಿಮೆಯೂ ಕೊಡುವುದಿಲ್ಲ. ಮೇಲೆ ಜಿಎಸ್‌ಟಿ ಬೇರೆ. ಇದರ ಫಲ ಸುಮಾರು ಏಳರಿಂದ ಹತ್ತು ವರ್ಷ ಎನ್ನುತ್ತಾರೆ. ವಯಸ್ಸು ನಿಲ್ಲುವುದಿಲ್ಲ, ಅಲ್ಲಿಂದ ಮುಂದೆ ನಡೆಯುತ್ತಲೇ ಇರುತ್ತದೆ. 45ಕ್ಕೆ ಮಾಡಿಸಿದವರಿಗೆ 55ಕ್ಕೆ ಮತ್ತೆ ಬೇಕೆನಿಸಬಹುದು. ಬಂಗಾರ ಅಡವಿಟ್ಟು ಮಾಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ಜೋತಿರುವುದು ಸ್ವಲ್ಪವೇ ಆಗಿದ್ದರೆ ಕಾಯಿರಿ.

ಎಲ್ಲಿ ಮಾಡಿಸುವುದು? ಎಂ.ಎಸ್. ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಡಿಆರ್‌ಎನ್‌ಬಿ ಎನ್ನುತ್ತಾರೆ) ಓದಿದವರು ಸರಿ. ಬ್ಯೂಟಿ ಪಾರ್ಲರಿನ ಬೋರ್ಡು ನೋಡಿ ಹೋಗಬೇಡಿ. ಕರ್ನಾಟಕದಲ್ಲಿ 2007ರ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆಗಳಿಗೆ ನೋಂದಣಿ ಇರಲೇಬೇಕು. ಅದರ ಪತ್ರ ಗೋಡೆ ಮೇಲಿರುತ್ತದೆ, ಓದಿ. ಜಮಖಂಡಿಯಿಂದಲೋ ಇಂಡಿಯಿಂದಲೋ ಪುಣೆಗೆ ಹೋಗಿ, ಮರುದಿನವೇ ರಾತ್ರಿ ಬಸ್ಸು ಹತ್ತುವ ಲೆಕ್ಕ ಹಾಕಬೇಡಿ. ಹೊಲಿಗೆ ಬಿಚ್ಚುವವರೆಗೆ ಆ ಊರಲ್ಲೇ ಇರುವುದು ಕ್ಷೇಮ.

ಡಾಕ್ಟರ ಮುಂದೆ ಕೂತಾಗ ಮುಖದ ನರದ ಬಗ್ಗೆ ಕೇಳಲು ಮರೆಯಬೇಡಿ. ಅದಕ್ಕೆ ಪೆಟ್ಟಾದರೆ ಹುಬ್ಬೋ ತುಟಿಯೋ ಒಂದು ಕಡೆ ಏಳುವುದಿಲ್ಲ. ಹೆಚ್ಚಿನವರಿಗೆ ವಾರ, ತಿಂಗಳಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಹಾಗೇ ಉಳಿಯುತ್ತದೆ. "ಏನೂ ಆಗೂದಿಲ್ಲ ಬಿಡ್ರಿ" ಎಂದು ಹಾರಿಸುವ ಡಾಕ್ಟರಿದ್ದರೆ ಎದ್ದು ಬನ್ನಿ. ಹೋಗುವಾಗ ನಿಮ್ಮದೇ ಹತ್ತು ಹದಿನೈದು ವರ್ಷದ ಹಿಂದಿನ ಫೋಟೋ ಒಯ್ಯಿರಿ. ತೆಗೆದುಕೊಳ್ಳುವ ಗುಳಿಗೆಗಳೆಲ್ಲ ಒಂದು ಚೀಲದಲ್ಲಿರಲಿ, ಬೆಳ್ಳುಳ್ಳಿ ಗುಳಿಗೆ, ಮೀನೆಣ್ಣೆ, ಆಯುರ್ವೇದದ ಪುಡಿ ಕೂಡ. ಮಿಶ್ರಿ ಡಬ್ಬಿ ಇದ್ದರೆ ಅದನ್ನೂ ತೋರಿಸಿ.

ನಮಸ್ಕಾರ.