ಒಣಗಿದ ಮೇಲೆ ಏನು ಉಳಿಯುತ್ತದೆ?

ನಮಸ್ಕಾರ. ವೈಪರ್ ಬ್ಲೇಡುಗಳ ಕುರಿತ ನನ್ನ ಹಿಂದಿನ ಸಂಚಿಕೆಗೆ ವೀಕ್ಷಕರೊಬ್ಬರು ಬರೆದ ಪ್ರತಿಕ್ರಿಯೆಯನ್ನು ಇದ್ದದ್ದು ಇದ್ದ ಹಾಗೆಯೇ ಓದುತ್ತೇನೆ: ‘ಸ್ವಾಮಿ, ವಾಷರ್ ಟ್ಯಾಂಕಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಬಿಟ್ರೆ ಸಾಕು. ಹತ್ತು ವರ್ಷದಿಂದ ನಾನು ಅದನ್ನೇ ಮಾಡ್ತಿದೀನಿ. ಸುಮ್ನೆ ಜನರ ದುಡ್ಡು ಯಾಕೆ ಹಾಳು ಮಾಡಿಸ್ತೀರಿ?’ ಈ ಮಾತಿಗೆ ಬಂದ ಮೆಚ್ಚುಗೆಗಳು ನನ್ನ ಸಂಚಿಕೆಗೆ ಬಂದ ಮೆಚ್ಚುಗೆಗಳಿಗಿಂತ ಹೆಚ್ಚು ಎಂಬುದನ್ನು ನಾನು ಗಮನಿಸಿಲ್ಲ ಎಂದು ಯಾರೂ ಭಾವಿಸಬೇಡಿ.

ಆ ಮಹನೀಯರಿಗೆ ನಾನು ಕೇಳುವುದು ಒಂದೇ ಪ್ರಶ್ನೆ, ಇವತ್ತಿನ ಸಂಚಿಕೆಯಲ್ಲಿ ಇರುವುದೂ ಅದೊಂದೇ: ವಾಷರ್ ಟ್ಯಾಂಕಿನಿಂದ ಕಾರಿನ ಮುಂಗಾಜಿನ ಮೇಲೆ ಚಿಮ್ಮಿಸಿದ ದ್ರವ ಒಣಗಿದ ಮೇಲೆ ಅಲ್ಲಿ ಏನು ಉಳಿಯುತ್ತದೆ? ಅದು ಎಷ್ಟು ಚೆನ್ನಾಗಿ ಕೊಳೆ ತೆಗೆಯುತ್ತದೆ, ಎಷ್ಟು ನೊರೆ ಬರುತ್ತದೆ, ಯಾವ ಪರಿಮಳ ಬೀರುತ್ತದೆ ಎಂಬುದೆಲ್ಲ ಆಮೇಲಿನ ಮಾತು.

ಪಾತ್ರೆ ತೊಳೆಯುವ ದ್ರವ ಒಳ್ಳೆಯ ವಸ್ತುವೇ, ಆದರೆ ಅದನ್ನು ತಯಾರಿಸಿರುವುದು ಧಾರಾಳವಾದ ನೀರಿನಲ್ಲಿ ಜಾಲಿಸಿ ತೆಗೆಯುವುದಕ್ಕಾಗಿ. ಅದರಲ್ಲಿ ಜಿಡ್ಡನ್ನು ಬಿಡಿಸುವ ಅಂಶದ ಜೊತೆಗೆ ದ್ರವವನ್ನು ಮಂದವಾಗಿಸುವ ಉಪ್ಪು, ಬಣ್ಣ ಮತ್ತು ಸುವಾಸನೆಗಳೂ ಇರುತ್ತವೆ. ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದಾಗ ಇವೆಲ್ಲ ಕೊಚ್ಚಿಹೋಗುತ್ತವೆ. ಓಡುತ್ತಿರುವ ಕಾರಿನ ಮುಂಗಾಜಿನ ಮೇಲೆ ಜಾಲಿಸುವವರು ಯಾರು? ವೈಪರ್ ಎರಡು ಸಲ ಆಡುತ್ತದೆ, ನೀರು ಗಾಳಿಗೆ ಆರುತ್ತದೆ, ಉಳಿದದ್ದೆಲ್ಲ ತೆಳುವಾದ ಪೊರೆಯಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಹಗಲಿನಲ್ಲಿ ಆ ಪೊರೆ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಎದುರಿನ ವಾಹನದ ಹೆಡ್‌ಲೈಟ್ ಅದರ ಮೇಲೆ ಬಿದ್ದ ಕ್ಷಣ ಇಡೀ ಗಾಜು ಹಾಲಿನಂತೆ ಬೆಳ್ಳಗಾಗಿ, ವೈಪರ್ ಎಳೆದ ಬಿಲ್ಲಿನಾಕಾರದ ಗೆರೆಗಳು ಒಂದೊಂದಾಗಿ ಹೊಳೆಯುತ್ತವೆ. ಆಗ ನೀವು ಮತ್ತೆ ವಾಷರ್ ಒತ್ತುತ್ತೀರಿ, ಅಂದರೆ ಇನ್ನೊಂದು ಪದರ ಬಳಿಯುತ್ತೀರಿ.

‘ಹಾಗಾದರೆ ಬರೀ ನೀರು ಹಾಕುತ್ತೇವೆ, ನೀರು ಒಣಗಿದರೆ ಏನೂ ಉಳಿಯುವುದಿಲ್ಲವಲ್ಲ’ ಎಂಬ ಜಾಣರ ಗುಂಪು ಇನ್ನೊಂದಿದೆ. ಉಳಿಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಾಜಿನ ಮೇಲೆ ಬಿಳಿ ಚುಕ್ಕೆಗಳಾಗಿಯೂ ದ್ರವ ಚಿಮ್ಮಿಸುವ ನಾಜಲ್ಲಿನ ಸೂಜಿಮೊನೆಯಷ್ಟು ಸಣ್ಣ ರಂಧ್ರದಲ್ಲಿ ಗಟ್ಟಿ ಪದರವಾಗಿಯೂ ಕೂರುತ್ತವೆ. ನನ್ನ ಹಳೆಯ ಕಾರಿನ ಎಡಬದಿಯ ನಾಜಲ್ ಗಾಜನ್ನು ಬಿಟ್ಟು ಪಕ್ಕದಲ್ಲಿ ನಡೆಯುವವರಿಗೆ ನೀರೆರಚುತ್ತಿದ್ದುದಕ್ಕೆ ಕಾರಣ ಇದೇ. ಗುಂಡುಸೂಜಿಯಿಂದ ಕೆದಕಿದಾಗ ಸುಣ್ಣದಂಥ ಹುಡಿ ಉದುರಿತು. ಅದಕ್ಕಿಂತ ಗಂಭೀರವಾದ ವಿಷಯವೊಂದಿದೆ. 2010ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಮುಂಗಾಜು ತೊಳೆಯಲೆಂದೇ ಮಾರುವ ವಾಷರ್ ದ್ರವ ಬೆರೆಸದ ಬರೀ ನೀರಿನ ಟ್ಯಾಂಕಿಗೂ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾಕ್ಕೂ ನಂಟು ಇರುವುದನ್ನು ತೋರಿಸಿತು. ಎಂಜಿನ್ನಿನ ಬಿಸಿಗೆ ಬೆಚ್ಚಗಾಗಿ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ, ಸಣ್ಣ ಹನಿಗಳ ಜೊತೆ ಉಸಿರಿಗೆ ಸೇರುತ್ತದೆ. ನೀರೇ ಬೇಕೆನ್ನುವವರು ಬಟ್ಟಿ ಇಳಿಸಿದ ನೀರನ್ನು ತಂದು, ಅದಕ್ಕೆ ವಾಷರ್ ಸಾಂದ್ರದ್ರವವನ್ನು ಬಾಟಲಿಯ ಮೇಲೆ ಬರೆದಿರುವ ಪ್ರಮಾಣದಲ್ಲಿಯೇ ಬೆರೆಸಲಿ.

ಪ್ರಮಾಣದಲ್ಲಿಯೇ ಎಂದೆ. ‘ಇನ್ನೊಂದು ಮುಚ್ಚಳ ಹೆಚ್ಚು ಹಾಕಿದರೆ ಇನ್ನಷ್ಟು ಸ್ವಚ್ಛ’ ಎನ್ನುವವರಿಗೂ ನನ್ನ ಪ್ರಶ್ನೆ ಅದೇ: ಒಣಗಿದ ಮೇಲೆ ಏನು ಉಳಿಯುತ್ತದೆ? ಹೆಚ್ಚು ಹಾಕಿದ್ದು ಹೆಚ್ಚಾಗಿಯೇ ಉಳಿಯುತ್ತದೆ. ವಾಷರ್ ದ್ರವದಲ್ಲೂ ಸಾಬೂನಿನ ಜಾತಿಯ ಅಂಶವಿದೆಯಲ್ಲ ಎಂದು ನನ್ನನ್ನು ಸಿಕ್ಕಿಸಲು ನೋಡುವವರಿಗೆ ಉತ್ತರವೂ ಇಲ್ಲೇ ಇದೆ. ಅದರಲ್ಲಿ ಆ ಅಂಶ ಅತ್ಯಲ್ಪ, ನೊರೆ ಕಡಿಮೆ, ಬಹುಪಾಲು ನೀರು ಮತ್ತು ಆಲ್ಕೋಹಾಲ್, ಇವೆರಡೂ ಆವಿಯಾಗಿ ಹೋಗುವಂಥವು.

ಆಲ್ಕೋಹಾಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಚಳಿಪ್ರದೇಶಗಳಲ್ಲಿ ದ್ರವ ಹೆಪ್ಪುಗಟ್ಟಬಾರದೆಂದು ಎಥನಾಲ್, ಐಸೊಪ್ರೊಪನಾಲ್ ಅಥವಾ ಮೆಥನಾಲ್ ಬೆರೆಸುತ್ತಾರೆ. ಬಾಟಲಿಯ ಮೇಲೆ ಮೈನಸ್ 20 ಡಿಗ್ರಿ ಎಂದು ಬರೆದಿದ್ದರೆ ಅದು ಟ್ಯಾಂಕಿನೊಳಗಿನ ಲೆಕ್ಕ. ವೇಗವಾಗಿ ಓಡುವ ಕಾರಿನ ಗಾಜಿನ ಮೇಲೆ ತೆಳುವಾಗಿ ಹರಡಿದಾಗ ಆಲ್ಕೋಹಾಲ್ ಮೊದಲು ಹಾರಿಹೋಗುತ್ತದೆ, ಹಿಂದೆ ಉಳಿದ ನೀರು ಅಷ್ಟು ಚಳಿಗಿಂತ ಮೊದಲೇ ಮಂಜುಗಡ್ಡೆಯಾಗುತ್ತದೆ. ನೋಡಿ, ಇಲ್ಲಿಯೂ ಪ್ರಶ್ನೆ ಉಳಿಯುವುದರದ್ದೇ! ಆದ್ದರಿಂದ ನಿಮ್ಮ ಚಳಿಗಿಂತ ಒಂದು ಹಂತ ಕೆಳಗಿನ ದರ್ಜೆಯ ದ್ರವವನ್ನು ಆರಿಸಿಕೊಳ್ಳಿ. ಮೆಥನಾಲ್ ಇರುವುದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಅದು ಹೊಟ್ಟೆ ಸೇರಿದರೆ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಹಾಳುಮಾಡಬಲ್ಲದು. ದಾರಿ ಕಾಣಲೆಂದು ತಂದ ದ್ರವ ದೃಷ್ಟಿಯನ್ನೇ ಕಸಿಯುವ ಈ ಅಪಾಯಕ್ಕಾಗಿಯೇ ಯುರೋಪಿಯನ್ ಒಕ್ಕೂಟ 2018ರ ನಿಯಮದಲ್ಲಿ ಜನಸಾಮಾನ್ಯರಿಗೆ ಮಾರುವ ವಾಷರ್ ದ್ರವದಲ್ಲಿ ಮೆಥನಾಲ್ ಶೇಕಡಾ 0.6ಕ್ಕಿಂತ ಕಡಿಮೆ ಇರಬೇಕೆಂದು ವಿಧಿಸಿತು.

ಈ ಮಾತು ಇಷ್ಟವಾದರೆ ಚಾನೆಲ್ಲಿಗೆ ಚಂದಾದಾರರಾಗಿ. ನಮ್ಮ ಹೆಸರು ಅಚ್ಚಾದ ಮೈಕ್ರೊಫೈಬರ್ ಬಟ್ಟೆಯ ಕೊಂಡಿ ಕೆಳಗಿದೆ. ಒರೆಸಿದ ಮೇಲೆ ಹೆಸರು ಬಟ್ಟೆಯಲ್ಲೇ ಉಳಿಯುತ್ತದೆ, ಗಾಜಿಗೆ ಅಂಟುವುದಿಲ್ಲ.

ಇನ್ನು ಮಳೆನೀರು ಮುತ್ತಿನಂತೆ ಉರುಳಿಹೋಗಬೇಕೆಂದು ಟ್ಯಾಂಕಿಗೇ ಸಿಲಿಕೋನ್ ಜಾತಿಯ ಮಿಶ್ರಣ ಸುರಿಯುವವರಿದ್ದಾರೆ. ಇವರು ನನ್ನ ಪ್ರಶ್ನೆಗೆ ಎದೆತಟ್ಟಿ ‘ಹೌದು, ಉಳಿಯಲೆಂದೇ ಹಾಕುತ್ತೇವೆ’ ಎನ್ನುತ್ತಾರೆ. ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಕೊಳೆಯ ಮೇಲೆಯೇ ಅದು ಕುಳಿತಾಗ ಬ್ಲೇಡು ಜಾರದೆ ಗಾಜಿನ ಮೇಲೆ ಕುಪ್ಪಳಿಸುತ್ತ ಕಿರುಗುಟ್ಟುವುದನ್ನು ನಾನು ಒಂದು ಇಡೀ ಮಳೆಗಾಲ ಕೇಳಿದ್ದೇನೆ. ಎರಡು ಬೇರೆ ಜಾತಿಯ ದ್ರವಗಳು ಟ್ಯಾಂಕಿನಲ್ಲಿ ಕೂಡಿದರೆ ಲೋಳೆಗಟ್ಟಿ ಪಂಪಿನ ಜಾಲರಿಗೆ ಅಡ್ಡ ಬೀಳುವುದೂ ಉಂಟು. ಆ ಲೇಪನ ಬೇಕೇಬೇಕೆಂದರೆ ಗಾಜನ್ನು ತೊಳೆದು ಒಣಗಿಸಿ, ಕೈಯಾರೆ ಹಚ್ಚಿ.

ಅಮೋನಿಯಾ ಬೆರೆತ ಮನೆಯ ಕಿಟಕಿ ಕ್ಲೀನರ್ ಬೇಡ, ಅದು ಕಾರಿನ ಗಾಜಿಗೆ ಅಂಟಿಸಿದ ಟಿಂಟ್ ಫಿಲ್ಮನ್ನು ಕೆಡಿಸುತ್ತದೆ. ವಿನೆಗರ್ ಬೇಡ, ಏಕೆಂದು ಕೇಳಲೂ ಬೇಡಿ. ನೀಲಿ ಬಣ್ಣ ನೋಡಿ ಎಂಜಿನ್ ತಣಿಸುವ ಕೂಲಂಟನ್ನು ವಾಷರ್ ಟ್ಯಾಂಕಿಗೆ ಸುರಿದ ಗೆಳೆಯನ ವಿಷಯ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಅವನ ಗಾಜಿನ ಮೇಲಿನ ಎಣ್ಣೆಯಂಥ ಪೊರೆ ವಾರ ಕಳೆದರೂ ಹೋಗಲಿಲ್ಲ ಎಂದಷ್ಟೇ ಹೇಳುತ್ತೇನೆ.

‘ನನಗೆ ಹತ್ತು ವರ್ಷದಿಂದ ಏನೂ ಆಗಿಲ್ಲ’ ಎನ್ನುವ ಮಹನೀಯರೇ, ಆಗಿದೆ, ಆ ಪೊರೆಯ ಮೂಲಕವೇ ನೋಡುತ್ತಿರುವುದರಿಂದ ನಿಮಗೆ ಕಾಣುತ್ತಿಲ್ಲ, ಅಷ್ಟೆ. ಮನೆಯ ಕನ್ನಡಿಯೊಂದನ್ನು ಚೆನ್ನಾಗಿ ಒರೆಸಿ, ನಿಮ್ಮ ಟ್ಯಾಂಕಿನ ದ್ರವವನ್ನು ಒಂದು ಚಮಚ ಅದರ ಅರ್ಧಭಾಗಕ್ಕೆ ಬಳಿಯಿರಿ, ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ, ಫೋಟೊ ತೆಗೆದು ಪ್ರತಿಕ್ರಿಯೆಯ ಜಾಗದಲ್ಲಿ ನನಗೂ ಆ ಮೆಚ್ಚುಗೆ ಒತ್ತಿದವರಿಗೂ ತೋರಿಸಿ. ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲದಿದ್ದರೆ, ಕನ್ನಡಿ ಒಣಗುವವರೆಗೆ ಈ ಸಂಚಿಕೆಯನ್ನೇ ಮತ್ತೆ ಮತ್ತೆ ನೋಡುತ್ತಿರಿ. ನನಗೂ ನಾಲ್ಕು ವೀಕ್ಷಣೆ ಹೆಚ್ಚಾಗುತ್ತದೆ.